ಹಿರೋಷಿಮಾದ ತಿರುಗುಯಂತ್ರವೂ ಅದರ ಮುಂಜಾನೆಯ ಹೊಗೆಯೂ

ತರ್ಕಶಾಸ್ತ್ರವನ್ನು ಕಲಿಯಲು ಕುಳಿತ ಬಾಲವಿದ್ಯಾರ್ಥಿಗೆ ಗುರುಗಳು ಮೊತ್ತಮೊದಲು ತೋರಿಸುವುದು ಒಂದು ಬೆಟ್ಟವನ್ನು. ಬೆಟ್ಟದ ಮೇಲೆ ಹೊಗೆ ಕಾಣುತ್ತಿದೆ. ಆದಕಾರಣ ಅಲ್ಲಿ ಬೆಂಕಿ ಇರಬೇಕು. ಅಡುಗೆಮನೆಯಲ್ಲಿ ನಾವು ದಿನವೂ ಕಾಣುವುದು ಹೀಗೆಯೇ ಅಲ್ಲವೇ? ಹೊಗೆಯಿಂದ ಬೆಂಕಿಯನ್ನು ಊಹಿಸುವ ಈ ಮಾರ್ಗ ನಿರ್ದುಷ್ಟವಾದುದು. ಆದರೆ ಇದನ್ನೇ ತಿರುಗಿಸಿ, ಬೆಂಕಿ ಇರುವಲ್ಲೆಲ್ಲ ಹೊಗೆಯೂ ಇರಲೇಬೇಕೆಂದು ಶಿಷ್ಯನು ವಾದಿಸಹೊರಟರೆ, ಗುರುಗಳು ಅವನನ್ನು ತಡೆದು, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯುಂಟು, ಹೊಗೆಯಿಲ್ಲ ಎಂದು ತೋರಿಸಿ, ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿ ಸೌದೆಯ ಸಂಯೋಗವೂ ಬೇಕು ಎಂದು ತಿಳಿಸುತ್ತಾರೆ. ಆ ಹಸಿ ಸೌದೆಗೆ ಶಾಸ್ತ್ರದಲ್ಲಿ ಉಪಾಧಿ ಎಂದು ಹೆಸರು. ಮಳೆಗಾಲದ ಮುಂಜಾವಿನಲ್ಲಿ ಬಚ್ಚಲ ಹಂಡೆಯ ಒಲೆಯ ಮುಂದೆ ಕುಳಿತು ಕಣ್ಣೊರೆಸಿಕೊಳ್ಳುತ್ತ ಊದುಗೊಳವೆ ಊದಿದವರಿಗೆ ಈ ಉಪಾಧಿಯ ಪರಿಚಯವನ್ನು ಯಾವ ಶಾಸ್ತ್ರಗ್ರಂಥವೂ ಮಾಡಿಕೊಡಬೇಕಾಗಿಲ್ಲ.

ಈ ಪಾಠ ನನಗೆ ನೆನಪಾಗುವುದು ಒಂದು ಮೋಟಾರು ಕಾರಿನ ಚರಿತ್ರೆಯನ್ನು ಓದುವಾಗ. ಜಪಾನಿನ ಮಜ್ದಾ ಸಂಸ್ಥೆ ನಿರ್ಮಿಸಿದ ಆರ್‌ಎಕ್ಸ್-೭ ಎಂಬ ಸ್ಪೋರ್ಟ್ಸ್ ಕಾರು ವಯಸ್ಸಾದ ಮೇಲೆ ರಾತ್ರಿಯಿಡೀ ನಿಂತು, ತಣ್ಣಗಾಗಿ, ಬೆಳಗ್ಗೆ ಚಾಲೂ ಮಾಡಿದೊಡನೆ ಹಿಂಬದಿಯಿಂದ ನೀಲಿ ಬೆರೆತ ಬಿಳಿಯ ಹೊಗೆಯನ್ನು ಉಗುಳಿ, ಎಂಜಿನ್ ಕಾವೇರಿದ ಮೇಲೆ ತಾನಾಗಿ ತಿಳಿಯಾಗುವುದುಂಟು. ನಮ್ಮೂರಿನ ಗ್ಯಾರೇಜಿನವನು ಕಂಡರೆ ‘ಬೋರ್ ಹೋಗಿದೆ, ಎಂಜಿನ್ ಆಯಿಲ್ ಕುಡಿಯುತ್ತಿದೆ’ ಎಂದಾನು. ಅವನ ಮಾತಿನ ಉತ್ತರಾರ್ಧ ಸತ್ಯ. ಪೂರ್ವಾರ್ಧ ಮಾತ್ರ ಈ ಕಾರಿಗೆ ಸಲ್ಲದು, ಏಕೆಂದರೆ ಇದರ ಎಂಜಿನ್ನಿನಲ್ಲಿ ಬೋರೂ ಇಲ್ಲ, ಮೇಲೆ ಕೆಳಗೆ ಆಡುವ ಪಿಸ್ಟನ್ನೂ ಇಲ್ಲ. ಈ ಹೊಗೆ ಎಲ್ಲಿಂದ ಬಂತು, ಅದರ ಹಸಿ ಸೌದೆ ಯಾವುದು, ಅದನ್ನು ಆರಿಸಲು ಯಾರು ಯಾರು ಎಷ್ಟು ಶ್ರಮಿಸಿದರು ಎಂಬುದು ಅರ್ಧ ಶತಮಾನವನ್ನು ಮೀರಿದ ಕಥೆ. ಆ ಕಥೆಯೂ ಒಂದು ಬೆಟ್ಟದಿಂದಲೇ ಆರಂಭವಾಗುತ್ತದೆ.

ಹಿರೋಷಿಮಾ ನಗರದ ಪೂರ್ವಕ್ಕೆ ಹಿಜಿಯಾಮ ಎಂಬ ಸಣ್ಣ ಗುಡ್ಡವಿದೆ. ಅದರ ಆಚೆಗೆ ಫುಚು ಎಂಬಲ್ಲಿ ತೋಯೋ ಕೋಗ್ಯೋ ಎಂಬ ಕಾರ್ಖಾನೆ ಇತ್ತು. ೧೯೨೦ರಲ್ಲಿ ಬೆಂಡು ತಯಾರಿಸುವ ಉದ್ಯಮವಾಗಿ ಹುಟ್ಟಿ, ಜೂಜಿರೊ ಮತ್ಸುದಾ ಎಂಬ ಉದ್ಯಮಿಯ ಕೈಯಲ್ಲಿ ಯಂತ್ರೋಪಕರಣಗಳ ಕಡೆಗೆ ತಿರುಗಿ, ೧೯೩೧ರಿಂದ ಮೂರು ಗಾಲಿಯ ಸರಕು ಗಾಡಿಗಳನ್ನು ಕಟ್ಟತೊಡಗಿದ ಸಂಸ್ಥೆ ಅದು. ಮಾಲಿಕನ ಮನೆತನದ ಹೆಸರಿಗೂ, ಪಾರಸಿಕರು ಪೂಜಿಸುವ ಅಹುರ ಮಜ್ದಾ ಎಂಬ ಜ್ಯೋತಿರ್ದೇವತೆಯ ಹೆಸರಿಗೂ ಇದ್ದ ಸಾಮ್ಯವನ್ನು ಹಿಡಿದು ಆ ಗಾಡಿಗಳಿಗೆ ‘ಮಜ್ದಾ’ ಎಂದು ನಾಮಕರಣವಾಯಿತು. ೧೯೪೫ರ ಆಗಸ್ಟ್ ೬ರ ಬೆಳಗ್ಗೆ ನಗರದ ಮೇಲೆ ಅಣುಬಾಂಬು ಸಿಡಿದಾಗ, ಆಸ್ಫೋಟದ ಆಘಾತಕ್ಕೆ ಎದೆಯೊಡ್ಡಿ ಈ ಕಾರ್ಖಾನೆಯನ್ನು ಬಹುಮಟ್ಟಿಗೆ ಕಾಪಾಡಿದುದು ನಡುವೆ ನಿಂತಿದ್ದ ಆ ಗುಡ್ಡವೇ. ಊರು ಬೂದಿಯಾದ ಮೇಲೆ ಪ್ರಾಂತ್ಯದ ಸರ್ಕಾರಿ ಕಚೇರಿಗಳು ಕೂಡ ಕಾರ್ಖಾನೆಯ ಕಟ್ಟಡದಲ್ಲಿಯೇ ಆಶ್ರಯ ಪಡೆದುವು; ಅದೇ ವರ್ಷದ ಡಿಸೆಂಬರಿನಲ್ಲಿ ಮೂರು ಗಾಲಿಯ ಗಾಡಿಗಳು ಮತ್ತೆ ಹೊರಬರತೊಡಗಿದುವು. ಮರುವರ್ಷ ಕೆನಿಚಿ ಯಮಾಮೊಟೊ ಎಂಬ ತರುಣ ಎಂಜಿನಿಯರನು ಯುದ್ಧಕಾಲದ ವಿಮಾನ ಕಾರ್ಖಾನೆಯ ಕೆಲಸದಿಂದ ಹಿಂದಿರುಗಿ, ಹಾಳೂರಿನಲ್ಲಿ ಬೇರೆ ದಾರಿ ಕಾಣದೆ, ಇಲ್ಲಿ ಬಿಡಿಭಾಗಗಳನ್ನು ಜೋಡಿಸುವ ಸಾಮಾನ್ಯ ಕೆಲಸಕ್ಕೆ ಸೇರಿಕೊಂಡನು. ನಮ್ಮ ಕಥೆಯ ನಾಯಕನಾಗಲಿದ್ದವನು ಅವನೇ.

೧೯೬೦ರ ಸುಮಾರಿಗೆ ಜಪಾನಿನ ಸರ್ಕಾರವು ಮೋಟಾರು ಸಂಸ್ಥೆಗಳನ್ನು ಒಗ್ಗೂಡಿಸಿ ಕೆಲವೇ ದೊಡ್ಡ ಗುಂಪುಗಳನ್ನಾಗಿ ಮಾಡಬೇಕೆಂದು ಯೋಚಿಸುತ್ತಿತ್ತು. ಸಣ್ಣ ಸಂಸ್ಥೆಯು ತನ್ನ ಸ್ವಾತಂತ್ರ್ಯವನ್ನು ಉಳಿಸಿಕೊಳ್ಳಬೇಕಾದರೆ ಬೇರೆ ಯಾರಲ್ಲಿಯೂ ಇಲ್ಲದ ವಿದ್ಯೆಯೊಂದು ತನ್ನಲ್ಲಿರಬೇಕೆಂದು ಮನಗಂಡ ಅಧ್ಯಕ್ಷ ತ್ಸುನೆಜಿ ಮತ್ಸುದಾ, ಜೂಜಿರೊನ ಮಗ, ಜರ್ಮನಿಯ ನೆಕಾರ್‌ಸುಲ್ಮ್ ಊರಿನ ಎನ್‌ಎಸ್‌ಯು ಸಂಸ್ಥೆಗೆ ಹೋಗಿ, ಫೆಲಿಕ್ಸ್ ವಾಂಕೆಲ್ ಎಂಬಾತ ಕಲ್ಪಿಸಿದ ತಿರುಗುವ ಎಂಜಿನ್ನಿನ ಹಕ್ಕುಗಳಿಗಾಗಿ ಒಪ್ಪಂದ ಮಾಡಿಕೊಂಡನು. ೧೯೬೧ರಲ್ಲಿ ಅದಕ್ಕೆ ಸರ್ಕಾರದ ಅನುಮತಿ ದೊರೆಯಿತು. ವಾಂಕೆಲನು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತದೆ ಸ್ವಂತ ಪರಿಶ್ರಮದಿಂದ ಯಂತ್ರಶಾಸ್ತ್ರವನ್ನು ಕರಗತ ಮಾಡಿಕೊಂಡ ಪುರುಷ. ಅವನ ಮೊದಲ ಮಾದರಿ ನೆಕಾರ್‌ಸುಲ್ಮಿನಲ್ಲಿ ತಿರುಗಿದ್ದು ೧೯೫೭ರಲ್ಲಿ.

ಆ ಎಂಜಿನ್ನಿನ ರಚನೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಹೊಗೆಯ ಮೂಲವಿರುವುದು ಆ ರಚನೆಯಲ್ಲಿಯೇ. ನಡುವೆ ತುಸು ಅದುಮಿದ ಮೊಟ್ಟೆಯಾಕಾರದ ಒಂದು ಕೋಶ. ಅದರೊಳಗೆ ಉಬ್ಬಿದ ಬದಿಗಳ ಒಂದು ತ್ರಿಕೋನ. ತ್ರಿಕೋನವು ಓಲಾಡುತ್ತ ತಿರುಗುವಾಗ ಅದರ ಮೂರು ಮೂಲೆಗಳೂ ಕೋಶದ ಗೋಡೆಯನ್ನು ಸದಾ ಸವರಿಕೊಂಡೇ ಹೋಗುತ್ತವೆ. ಗೋಡೆಗೂ ತ್ರಿಕೋನದ ಪ್ರತಿಯೊಂದು ಬದಿಗೂ ನಡುವಿನ ಅವಕಾಶವು ಹಿಗ್ಗುತ್ತ ಕುಗ್ಗುತ್ತ, ಅನಿಲವನ್ನು ಸೆಳೆದು, ಒತ್ತಿ, ಉರಿಸಿ, ಹೊರದಬ್ಬುತ್ತದೆ. ಅನಿಲವು ಒಂದು ಕೋಣೆಯಿಂದ ಇನ್ನೊಂದಕ್ಕೆ ನುಸುಳದಂತೆ ಮೂರು ಮೂಲೆಗಳಲ್ಲಿಯೂ ತೆಳುವಾದ ಸೀಲುಗಳನ್ನು ಕೂರಿಸಿರುತ್ತಾರೆ. ತ್ರಿಕೋನದ ಒಡಲನ್ನು ತಂಪಾಗಿಡುವುದು ಅದರೊಳಗೆ ಹರಿಯುವ ಎಂಜಿನ್ ಆಯಿಲ್. ಆ ಎಣ್ಣೆಗೂ ಉರಿಯುವ ಕೋಣೆಗೂ ನಡುವೆ ತ್ರಿಕೋನದ ಪಕ್ಕಗಳಲ್ಲಿ ಕೂರಿಸಿದ ಉಂಗುರಗಳಲ್ಲದೆ ಬೇರೆ ಕಾವಲಿಲ್ಲ. ಒಂದು ಗೋಡೆಯ ಒಳಗೆ ಬೆಂಕಿ, ಅದೇ ಗೋಡೆಯ ಹೊರಗೆ ಎಣ್ಣೆಯ ಕೊಡ: ಇಂತಹ ಮನೆಯಲ್ಲಿ ಹೊಗೆ ಹುಟ್ಟದಿದ್ದರೆ ಅದೇ ಆಶ್ಚರ್ಯ.

ಜರ್ಮನಿಯಿಂದ ಬಂದ ಎಂಜಿನ್ನಿನ ಮೇಲೂ ತಾವೇ ಕಟ್ಟಿದ ಮಾದರಿಗಳ ಮೇಲೂ ಪ್ರಯೋಗಕ್ಕೆ ತೊಡಗಿದ ಹಿರೋಷಿಮಾದವರಿಗೆ ಎದುರಾದ ವಿಪತ್ತುಗಳು ಎರಡು. ಮೂಲೆಯ ಸೀಲುಗಳು ಕಂಪಿಸಿ ಕೋಶದ ಒಳಗೋಡೆಯ ಮೇಲೆ ಅಲೆಯಲೆಯಾಗಿ ಗೀರುಗಳನ್ನು ಕೊರೆಯುತ್ತಿದ್ದುವು. ಆ ಗೀರುಗಳಿಗೆ ಅವರಿಟ್ಟ ಹೆಸರು ‘ಪಿಶಾಚಿಯ ಉಗುರಿನ ಗುರುತು’. ಎರಡನೆಯದು ಹೊಗೆ. ಉಂಗುರಗಳನ್ನು ದಾಟಿ ಎಣ್ಣೆಯು ಉರಿಯುವ ಕೋಣೆಗೆ ಇಳಿದು, ಪ್ರಯೋಗದ ಕಾರುಗಳು ದಟ್ಟವಾದ ಬಿಳಿಯ ಹೊಗೆಯನ್ನು ಎಳೆದುಕೊಂಡು ಓಡುತ್ತಿದ್ದುವು. ಅದನ್ನು ಕಂಡವರಿಗೆ ನೆನಪಾದುದು ಜಪಾನಿನ ಮಕ್ಕಳೆಲ್ಲರೂ ಬಲ್ಲ ‘ಕಚಿಕಚಿ ಬೆಟ್ಟ’ದ ಕಥೆ. ಮುದುಕಿಯೊಬ್ಬಳನ್ನು ಕೊಂದ ತನುಕಿ ಎಂಬ ಕಾಡುಪ್ರಾಣಿಯ ಮೇಲೆ ಮೊಲವೊಂದು ಸೇಡು ತೀರಿಸಿಕೊಳ್ಳಲೆಂದು, ಅದರ ಬೆನ್ನ ಮೇಲಿನ ಸೌದೆಯ ಹೊರೆಗೆ ಹಿಂದಿನಿಂದ ಚಕಮಕಿ ಕಲ್ಲು ಕುಟ್ಟುತ್ತದೆ. ‘ಕಚಿಕಚಿ’ ಎಂಬ ಸದ್ದೇನೆಂದು ತನುಕಿ ಕೇಳಿದರೆ, ಇದು ಕಚಿಕಚಿ ಬೆಟ್ಟ, ಇಲ್ಲಿ ಹೀಗೆಯೇ ಸದ್ದಾಗುತ್ತದೆಂದು ನಂಬಿಸುತ್ತದೆ. ಅಷ್ಟರಲ್ಲಿ ಹೊರೆ ಹತ್ತಿಕೊಂಡು ಉರಿಯುತ್ತದೆ. ಬೆನ್ನಿಗೆ ಬೆಂಕಿಹತ್ತಿ ಹೊಗೆಯಾಡುತ್ತ ಓಡಿದ ಆ ಪ್ರಾಣಿಯ ಹೆಸರು ಪ್ರಯೋಗದ ಕಾರುಗಳಿಗೆ ಅಂಟಿಕೊಂಡಿತು. ನಮ್ಮ ನೈಯಾಯಿಕರು ಹೊಗೆಯಿಂದ ಸತ್ಯವನ್ನು ಊಹಿಸಲು ಬೆಟ್ಟವನ್ನು ತೋರಿಸಿದರು. ಕಥೆಯ ತನುಕಿಯಾದರೋ ಬೆಟ್ಟದ ಹೆಸರನ್ನು ನಂಬಿ ಬೆಂಕಿಯನ್ನು ಊಹಿಸದೆ ಹೋಯಿತು. ಯಮಾಮೊಟೊ ಹಿಡಿದುದು ನೈಯಾಯಿಕರ ಮಾರ್ಗವನ್ನು: ಹೊಗೆ ಕಂಡಿತು, ಅದರ ಉಪಾಧಿಯನ್ನು ಹುಡುಕಬೇಕು.

೧೯೬೩ರ ಏಪ್ರಿಲಿನಲ್ಲಿ ಅವನ ಮುಖಂಡತ್ವದಲ್ಲಿ ಪ್ರತ್ಯೇಕ ಸಂಶೋಧನಾ ವಿಭಾಗವೊಂದು ಏರ್ಪಟ್ಟಿತು. ಅದರಲ್ಲಿದ್ದವರು ೪೭ ಮಂದಿ. ಒಡೆಯನನ್ನು ಕಳೆದುಕೊಂಡೂ ಹಿಡಿದ ವ್ರತವನ್ನು ಬಿಡದ ಆಕೋ ಸಂಸ್ಥಾನದ ೪೭ ಸಮುರಾಯಿಗಳ ಇತಿಹಾಸ ಜಪಾನೀಯರಿಗೆ ಪುರಾಣದಷ್ಟೇ ಪವಿತ್ರವಾದುದರಿಂದ, ಈ ಎಂಜಿನಿಯರರಿಗೂ ಆ ಹೆಸರೇ ನಿಂತಿತು. ಸೀಲಿನೊಳಗೆ ಅಡ್ಡಲಾಗಿ ರಂಧ್ರಗಳನ್ನು ಕೊರೆದು ಅದರ ಸಹಜ ಕಂಪನವನ್ನು ಬದಲಿಸಿದಾಗ ಗೀರುಗಳು ಮಾಯವಾದುವು. ಆಮೇಲೆ ನಿಪ್ಪೋನ್ ಕಾರ್ಬನ್ ಸಂಸ್ಥೆಯ ನೆರವಿನಿಂದ, ಇಂಗಾಲಕ್ಕೆ ಅಲ್ಯುಮಿನಿಯಮ್ ಕೂಡಿಸಿದ ಸೀಲು ಸಿದ್ಧವಾಯಿತು. ಹೊಗೆಗೆ ಕಂಡುಕೊಂಡ ಪರಿಹಾರವೂ ಅಷ್ಟೇ ಸೂಕ್ಷ್ಮವಾದುದು: ಎಣ್ಣೆಯನ್ನು ತಡೆಯುವ ಲೋಹದ ಉಂಗುರದ ಹಿಂದೆ ಒಂದು ರಬ್ಬರಿನ ಬಳೆಯನ್ನು ಕೂರಿಸಿ, ಉಂಗುರವು ಅಂಚಿನಲ್ಲಿ ಎಣ್ಣೆಯನ್ನು ಕೆರೆದು ತೆಗೆಯುವಂತೆ, ಬಳೆಯು ಹಿಂದಿನ ಸಂದಿಯನ್ನು ಮುಚ್ಚುವಂತೆ ಮಾಡಿದರು. ಈ ಬಳೆಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು.

೧೯೬೭ರ ಮೇ ೩೦ರಂದು ಎರಡು ತ್ರಿಕೋನಗಳ ಎಂಜಿನ್ ಹೊತ್ತ ಕಾಸ್ಮೊ ಸ್ಪೋರ್ಟ್ ಮಾರುಕಟ್ಟೆಗೆ ಬಂತು. ೯೮೨ ಘನ ಸೆಂಟಿಮೀಟರಿನಷ್ಟೇ ಗಾತ್ರದ ಆ ಎಂಜಿನ್ನಿನ ಬಲ ೧೧೦ ಅಶ್ವಶಕ್ತಿ. ಮರುವರ್ಷ ಜರ್ಮನಿಯ ನ್ಯೂರ್‌ಬುರ್ಗ್‌ರಿಂಗಿನಲ್ಲಿ ನಡೆದ ೮೪ ಗಂಟೆಗಳ ಅಖಂಡ ಸ್ಪರ್ಧೆಯಲ್ಲಿ ಎರಡು ಕಾಸ್ಮೊಗಳು ಇಳಿದು, ಒಂದು ೮೨ನೆಯ ಗಂಟೆಯಲ್ಲಿ ನಿಂತುಹೋದರೂ ಇನ್ನೊಂದು ನಾಲ್ಕನೆಯ ಸ್ಥಾನದಲ್ಲಿ ಗುರಿ ಮುಟ್ಟಿತು. ಕೈಯಿಂದಲೇ ಕಟ್ಟಿದ ಆ ಕಾರುಗಳ ಒಟ್ಟು ಸಂಖ್ಯೆ ೧,೧೭೬. ಅತ್ತ ಮೂಲಸ್ಥಾನವಾದ ಜರ್ಮನಿಯಲ್ಲಿ ಎನ್‌ಎಸ್‌ಯು ಸಂಸ್ಥೆಯ ರೋ ೮೦ ಕಾರು ಸೀಲುಗಳ ಸವೆತದಿಂದ ಕೆಟ್ಟ ಹೆಸರು ಪಡೆದು, ಆ ಭಾರಕ್ಕೆ ಸಂಸ್ಥೆಯ ಸ್ವತಂತ್ರ ಅಸ್ತಿತ್ವವೇ ೧೯೬೯ರಲ್ಲಿ ಕೊನೆಗೊಂಡಿತು.

ಹಾಗಾದರೆ ಉಪಾಧಿ ನಾಶವಾಯಿತೇ? ಇಲ್ಲ. ಮೂಲೆಯ ಸೀಲುಗಳು ಗೋಡೆಯನ್ನು ಸವರುತ್ತ ಸಾಗುವುದರಿಂದ ಅವುಗಳಿಗೆ ಎಣ್ಣೆಯ ಪಸೆ ಇಲ್ಲದೆ ನಿರ್ವಾಹವಿಲ್ಲ. ಆದ್ದರಿಂದ ಒಂದು ಚಿಕ್ಕ ಪಂಪು ಎಂಜಿನ್ ಆಯಿಲ್ಲನ್ನು ಅಳೆದು ಅಳೆದು, ಹನಿಹನಿಯಾಗಿ, ಉರಿಯುವ ಕೋಣೆಗೆ ಕಳುಹಿಸುತ್ತಿರುತ್ತದೆ. ಸೋರಿ ಬಂದು ಉರಿಯುವ ಎಣ್ಣೆಯನ್ನು ತಡೆಯಲು ಇಷ್ಟೆಲ್ಲ ತಪಸ್ಸು ಮಾಡಿದವರೇ, ಸೀಲುಗಳ ಪ್ರಾಣ ಉಳಿಸಲೆಂದು ಒಂದಿಷ್ಟು ಎಣ್ಣೆಯನ್ನು ತಾವಾಗಿಯೇ ಬೆಂಕಿಗೆ ಸಮರ್ಪಿಸಬೇಕಾಯಿತು. ಬೇರೆ ಎಂಜಿನ್ನುಗಳಲ್ಲಿ ಎಣ್ಣೆ ಉರಿಯುವುದು ರೋಗ. ಇದರಲ್ಲಿ ಅದು ಮಿತವಾಗಿದ್ದಷ್ಟು ಕಾಲ ಆಹಾರ. ೧೯೬೧ರಿಂದ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ ಮೋಟಾರುಸೈಕಲ್ಲಿಗೆ ಪೆಟ್ರೋಲಿನ ಜೊತೆಗೇ ಆಯಿಲ್ ಬೆರೆಸಿ ಹಾಕಿಸಿದವರಿಗೆ ಈ ಮಾತು ಹೊಸದಲ್ಲ. ಆ ಗಾಡಿಯ ಯಂತ್ರ ಬೇರೆ, ನ್ಯಾಯ ಒಂದೇ.

೧೯೭೦ರ ದಶಕದಲ್ಲಿ ಹೊಗೆಯ ಪ್ರಶ್ನೆ ಕಾರ್ಖಾನೆಯಿಂದ ಶಾಸನಸಭೆಗೆ ಏರಿತು. ೧೯೭೦ರಲ್ಲಿ ಅಮೆರಿಕ ವಾಯುಶುದ್ಧಿಗಾಗಿ ಕಠಿಣವಾದ ಕಾನೂನನ್ನು ಮಾಡಿದಾಗ, ಉರಿಯದೆ ಉಳಿದ ಇಂಧನವನ್ನು ಎಂಜಿನ್ನಿನ ಹೊರಗೆ ಮತ್ತೊಂದು ಕೋಣೆಯಲ್ಲಿ ಸುಟ್ಟು ಮುಗಿಸುವ ಏರ್ಪಾಟಿನಿಂದ ಹಿರೋಷಿಮಾದವರು ಆ ಪರೀಕ್ಷೆಯನ್ನು ಗೆದ್ದರು. ಗೆದ್ದ ಮರುಗಳಿಗೆಯಲ್ಲಿಯೇ ೧೯೭೩ರ ತೈಲದ ಬಿಕ್ಕಟ್ಟು ಬಂದು, ಇಂಧನವನ್ನು ಹೆಚ್ಚು ಬೇಡುವ ಈ ಎಂಜಿನ್ನನ್ನು ಕೊಳ್ಳುವವರು ವಿರಳರಾದರು. ಸಂಸ್ಥೆ ಮುಳುಗುವ ಸ್ಥಿತಿಗೆ ಬಂತು. ಬೂದಿಯಿಂದೇಳುವ ಪಕ್ಷಿಯ ಹೆಸರಿನಲ್ಲಿ ‘ಫೀನಿಕ್ಸ್’ ಯೋಜನೆಯನ್ನು ಹೂಡಿ, ಇಂಧನದ ವ್ಯಯವನ್ನು ಗಣನೀಯವಾಗಿ ತಗ್ಗಿಸಿ, ೧೯೭೮ರಲ್ಲಿ ಅವರು ಹೊರತಂದುದೇ ಆರ್‌ಎಕ್ಸ್-೭. ೨೦೦೨ರವರೆಗೆ ಮೂರು ಪೀಳಿಗೆಗಳಲ್ಲಿ ಎಂಟು ಲಕ್ಷಕ್ಕೂ ಮಿಕ್ಕಿ ಆ ಕಾರುಗಳು ಲೋಕಸಂಚಾರಕ್ಕೆ ಹೊರಟುವು. ೧೯೯೧ರ ಜೂನಿನಲ್ಲಿ ನಾಲ್ಕು ತ್ರಿಕೋನಗಳ ೭೮೭ಬಿ ಎಂಬ ಓಟದ ಕಾರು ಫ್ರಾನ್ಸಿನ ಲೆ ಮಾನ್ಸ್‌ನಲ್ಲಿ ೨೪ ಗಂಟೆಗಳಲ್ಲಿ ೩೬೨ ಸುತ್ತು ಓಡಿ ಪ್ರಥಮ ಸ್ಥಾನವನ್ನು ಪಡೆದು, ಆ ಸ್ಪರ್ಧೆಯನ್ನು ಗೆದ್ದ ಮೊದಲ ಜಪಾನೀ ಕಾರೆನಿಸಿತು.

ಕೀರ್ತಿಯ ಕಥೆ ಅಲ್ಲಿಗೆ ಮುಗಿಯುತ್ತದೆ. ಸಹವಾಸದ ಕಥೆ ಮುಗಿಯುವುದಿಲ್ಲ. ಇಂದು ಹಳೆಯ ಆರ್‌ಎಕ್ಸ್-೭ ಒಂದನ್ನು ಸಾಕಿಕೊಂಡಿರುವವರ ದಿನಚರಿಯಲ್ಲಿ ಆ ಎಂಜಿನ್ನಿಗೇ ಮೀಸಲಾದ ಆಚಾರಗಳಿವೆ. ಪೆಟ್ರೋಲು ತುಂಬಿಸುವಾಗಲೆಲ್ಲ ಡಿಪ್‌ಸ್ಟಿಕ್ ಎಳೆದು ಆಯಿಲ್ಲಿನ ಮಟ್ಟ ನೋಡಿ, ತಗ್ಗಿದ್ದನ್ನು ತುಂಬಬೇಕು. ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿ, ಕಾರನ್ನು ನಾಲ್ಕು ಮಾರು ಸರಿಸಿ, ಒಡನೆಯೇ ನಿಲ್ಲಿಸಕೂಡದು. ಹಾಗೆ ಮಾಡಿದರೆ ಹೆಚ್ಚಿಗೆ ಬಂದ ಪೆಟ್ರೋಲು ಒಳಗೋಡೆಯ ಎಣ್ಣೆಯನ್ನು ತೊಳೆದುಬಿಟ್ಟು, ಸೀಲುಗಳು ಬಿಗಿ ಕಳೆದುಕೊಂಡು, ಮತ್ತೆ ಎಂಜಿನ್ ಹೊತ್ತಿಕೊಳ್ಳುವುದೇ ಕಷ್ಟ. ಕಾವು ಏರುವವರೆಗೆ ಕಾಲನ್ನು ಹಗುರವಾಗಿಯೇ ಇಡಬೇಕು. ಎಲ್ಲಕ್ಕಿಂತ ಮಿಗಿಲಾಗಿ ಹೊಗೆಯನ್ನು ಓದಲು ಕಲಿಯಬೇಕು. ಚಳಿಯ ಬೆಳಗಿನಲ್ಲಿ ತೆಳ್ಳಗೆ ಎದ್ದು ಗಾಳಿಯಲ್ಲಿ ಕರಗುವ ಬಿಳಿ ಬರಿಯ ನೀರಾವಿ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ. ದಟ್ಟವಾದ ಬಿಳಿ, ಸಿಹಿಯಾದ ವಾಸನೆ, ಎಂಜಿನ್ ಕಾದರೂ ನಿಲ್ಲದಿರುವುದು, ರೇಡಿಯೇಟರಿನ ನೀರು ತಗ್ಗುವುದು, ಇವು ಒಟ್ಟಿಗೆ ಕಂಡರೆ ನೀರನ್ನು ತಡೆಯುವ ಸೀಲು ಒಡೆದಿದೆಯೆಂದೇ ತಿಳಿದು ಎಂಜಿನ್ ಬಿಚ್ಚಿಸಬೇಕು. ನೀಲಿಯೆಂದರೆ ಎಣ್ಣೆ. ಆ ನೀಲಿಯು ಮೊದಲ ಒಂದೆರಡು ನಿಮಿಷ ಕಾಣಿಸಿಕೊಂಡು ಹೋಗುವುದಾದರೆ ಗಾಬರಿಯಿಲ್ಲ, ಮರೆಯುವಂತೆಯೂ ಇಲ್ಲ. ದಿನದಿನಕ್ಕೆ ಹೆಚ್ಚುತ್ತಿದೆಯೇ ಎಂದು ನೋಡುತ್ತಿರಬೇಕು.

ಈ ನೀಲಿ ಹೊಗೆಯ ಮೂಲ, ನಾನು ನೆನಪಿನಲ್ಲಿಡಿರೆಂದು ಕೇಳಿಕೊಂಡ ಆ ರಬ್ಬರಿನ ಬಳೆ. ವರ್ಷಗಟ್ಟಲೆ ಕಾವಿನಲ್ಲಿ ಬೆಂದು ಅದು ಗಡುಸಾಗಿ ತನ್ನ ಮೆದುತನವನ್ನು ಕಳೆದುಕೊಂಡಾಗ, ನಿಂತ ಕಾರಿನ ತ್ರಿಕೋನದಲ್ಲಿ ಉಳಿದ ಎಣ್ಣೆಯು ರಾತ್ರಿಯ ಹೊತ್ತು ಮೆಲ್ಲಗೆ ಜಿನುಗಿ ಉರಿಯುವ ಕೋಣೆಗೆ ಇಳಿಯುತ್ತದೆ. ಬೆಳಗ್ಗೆ ಕಿಡಿ ಸೋಂಕಿದೊಡನೆ ಹೊಗೆಯಾಗುತ್ತದೆ. ೧೯೬೦ರ ದಶಕದಲ್ಲಿ ೪೭ ಮಂದಿ ಕೂಡಿ ಮುಚ್ಚಿದ ಬಾಗಿಲು ಅದು. ಎಂಜಿನ್ ಬಿಚ್ಚಿ ಹೊಸ ಬಳೆಗಳನ್ನು ಕೂರಿಸುವ ಮೆಕ್ಯಾನಿಕ್, ತಾನು ತಿಳಿದೋ ತಿಳಿಯದೆಯೋ, ಅವರು ಮಾಡಿದ ಕೆಲಸವನ್ನೇ ಮತ್ತೊಮ್ಮೆ ಮಾಡುತ್ತಾನೆ.

ಯಮಾಮೊಟೊ ೧೯೮೪ರಲ್ಲಿ ಆ ಸಂಸ್ಥೆಯ ಅಧ್ಯಕ್ಷನಾದನು; ೨೦೧೭ರ ಡಿಸೆಂಬರಿನಲ್ಲಿ ತನ್ನ ೯೫ನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವನ ಎಂಜಿನ್ ೨೦೧೨ರಲ್ಲಿ ಆರ್‌ಎಕ್ಸ್-೮ ಕಾರಿನೊಡನೆ ನಿಂತುಹೋಗಿ, ೨೦೨೩ರಲ್ಲಿ ಗಾಲಿಗಳನ್ನು ತಿರುಗಿಸುವ ಕೆಲಸವನ್ನು ವಿದ್ಯುತ್ತಿಗೆ ಬಿಟ್ಟುಕೊಟ್ಟು, ಆ ವಿದ್ಯುತ್ತನ್ನು ಉತ್ಪಾದಿಸುವ ಸಣ್ಣ ಕಾಯಕಕ್ಕೆ ಮರಳಿ ಬಂದಿದೆ. ಹಳೆಯ ಕಾರುಗಳಾದರೋ ಇನ್ನೂ ಅಲ್ಲಲ್ಲಿ ಮುಂಜಾನೆಯ ಚಳಿಯಲ್ಲಿ ಎಚ್ಚರಗೊಳ್ಳುತ್ತಿವೆ. ಹೊಗೆ ಏಳುತ್ತದೆ, ಒಡೆಯನು ಕಾರಿನ ಹಿಂದೆ ಹೋಗಿ ನಿಂತು ಅದರ ಬಣ್ಣವನ್ನು ನೋಡುತ್ತಾನೆ, ವಾಸನೆಯನ್ನು ಗ್ರಹಿಸುತ್ತಾನೆ, ಎಷ್ಟು ಹೊತ್ತಿಗೆ ತಿಳಿಯಾಗುವುದೆಂದು ಎಣಿಸುತ್ತಾನೆ. ಅವನಿಗೆ ಬೆಂಕಿಯ ವಿಷಯದಲ್ಲಿ ಸಂಶಯವಿಲ್ಲ; ಅವನು ಅಳೆಯುತ್ತಿರುವುದು ಸೌದೆಯ ಹಸಿಯನ್ನು.