ಹೇರಿನ ಎತ್ತಿನಿಂದ ಎತ್ತರಿಸಿದ ಜೀಪಿಗೆ

ಭಟ್ಕಳ ಪೇಟೆಗೆ ಅಂಟಿಕೊಂಡಂತಿರುವ ಊರು ಮುಟ್ಟಳ್ಳಿ. ಪಡುವಣಕ್ಕೆ ಹೊರಟರೆ ಕಡಲು ದೂರವಿಲ್ಲ. ಮೂಡಣಕ್ಕೆ ಹೊರಟರೆ ಗುಡ್ಡ, ಗುಡ್ಡದಾಚೆ ಘಟ್ಟ. ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಜನ ಇಂದಿಗೂ ಜಗತ್ತನ್ನು 'ಘಟ್ಟದ ಮೇಲೆ', 'ಘಟ್ಟದ ಕೆಳಗೆ' ಎಂದೇ ಎರಡು ಮಾಡಿ ಮಾತಾಡುತ್ತಾರೆ. ಈ ಕರಾವಳಿಯ ಚರಿತ್ರೆಯೆಂದರೆ ಒಂದರ್ಥದಲ್ಲಿ ಆ ಘಟ್ಟವನ್ನು ಹತ್ತಿ ಇಳಿದ ಚರಿತ್ರೆಯೇ.

ಈಚಿನ ವರ್ಷಗಳಲ್ಲಿ ಪಿಕಪ್ಪು, ಜೀಪುಗಳನ್ನು ಎತ್ತರಿಸಿ, ದೊಡ್ಡ ಟೈರು ಹಾಕಿಸಿ, ಕಾಡುದಾರಿಗೆ ಇಳಿಸುವ ಹವ್ಯಾಸ ಎಲ್ಲೆಡೆ ಬೆಳೆದಿದೆ. ಹಿರಿಯರು ಅದನ್ನು ಹಣವುಳ್ಳ ಹುಡುಗರ ಶೋಕಿ ಎನ್ನುತ್ತಾರೆ. ಶೋಕಿಯೂ ಇದೆ, ಸುಳ್ಳಲ್ಲ. ಆದರೆ ಅದರ ಹಿಂದಿರುವ ಪ್ರಶ್ನೆ ಮಾತ್ರ ಬಹಳ ಹಳೆಯದು: ದಾರಿಯನ್ನು ವಾಹನಕ್ಕೆ ಒಗ್ಗಿಸಬೇಕೋ, ವಾಹನವನ್ನು ದಾರಿಗೆ ಒಗ್ಗಿಸಬೇಕೋ?

ಬೆನ್ನ ಮೇಲಿನ ವ್ಯಾಪಾರ

ಶತಮಾನಗಳ ಕಾಲ ಇದಕ್ಕೆ ಉತ್ತರ ಒಂದೇ ಆಗಿತ್ತು. ದಾರಿ ಇದ್ದಂತೆ ಇರುತ್ತದೆ, ಸಾಗಿಸುವವನೇ ಅದಕ್ಕೆ ತಕ್ಕಂತೆ ಆಗಬೇಕು. ಗಾಡಿ ಹೋಗದ ಕಡಿದಾದ ಹಾದಿಯಲ್ಲಿ ಹೇರಿನ ಎತ್ತು ಹೋಗುತ್ತಿತ್ತು. ಕೆಳಗಿನಿಂದ ಉಪ್ಪು ಮೇಲಕ್ಕೆ, ಮೇಲಿನಿಂದ ಮೆಣಸು, ಅಡಿಕೆ, ಧಾನ್ಯ ಕೆಳಕ್ಕೆ. ಎರಡೂ ಮಗ್ಗುಲಿಗೆ ಸಮತೂಕದ ಚೀಲ, ಬೆನ್ನು ಸವೆಯದಂತೆ ಮೆತ್ತೆ, ಹೊಳೆ ದಾಟುವಾಗ ನೆನೆಯದಷ್ಟು ಎತ್ತರಕ್ಕೆ ಹೇರು. ಭಾರ ಒಂದು ಕಡೆಗೆ ವಾಲಿದರೆ ಎತ್ತು ಪ್ರಪಾತಕ್ಕೆ. ಇಂದು ಮೆಕ್ಯಾನಿಕ್ಕುಗಳು ಹೇಳುವ ಸಮತೋಲದ ಪಾಠವೂ ಇದೇ.

ಹಾಡುವಳ್ಳಿ, ಗೇರುಸೊಪ್ಪೆಗಳನ್ನು 16ನೆಯ ಶತಮಾನದಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದು ಕರೆದರು. ಆ ಹೆಸರಿನ ಹಿಂದೆ ಘಟ್ಟವಿಳಿದ ಲೆಕ್ಕವಿಲ್ಲದಷ್ಟು ಹೇರುಗಳಿವೆ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಕೆಳದಿಯ ವೆಂಕಟಪ್ಪ ನಾಯಕನನ್ನು ಕಾಣಲು ಹೊರಟಾಗ, ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ ಶರಾವತಿಯಲ್ಲಿ ದೋಣಿಯಲ್ಲೇ ಸಾಗಿ, ಅಲ್ಲಿಂದ ಘಟ್ಟ ಹತ್ತಿ ಇಕ್ಕೇರಿ ತಲುಪಿದ. ನೀರಿರುವಷ್ಟು ದೂರ ದೋಣಿ, ಆಮೇಲೆ ಕಾಲು. ಆ ಕಾಲದ ಜಾಣತನ ಅದು.

ಗಾಡಿರಸ್ತೆ ಬಂತು

ಎರಡನೆಯ ಉತ್ತರ ಬಂದದ್ದು ಹತ್ತಿಯ ಬೆನ್ನೇರಿ. ಧಾರವಾಡ ಸೀಮೆಯ ಹತ್ತಿ ಘಟ್ಟವಿಳಿದು ಕುಮಟಾ ಬಂದರಿನಿಂದ ಹಡಗೇರುತ್ತಿತ್ತು. ಹೀಗಾಗಿ ಬೆಳೆದ ಊರಿನ ಹೆಸರು ಹೋಗಿ, ಸಾಗಿಸಿದ ಬಂದರಿನ ಹೆಸರೇ ಆ ಹತ್ತಿಗೆ ಅಂಟಿತು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಾಗ ಇಂಗ್ಲೆಂಡಿನ ಗಿರಣಿಗಳ ಕಣ್ಣು ಇತ್ತ ತಿರುಗಿತು. ಉತ್ತರ ಕನ್ನಡವನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಆಡಳಿತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಒತ್ತಾಸೆ ಇತ್ತು. ಎತ್ತಿನ ಬೆನ್ನು ಸಾಲದಾಯಿತು, ಗಾಡಿ ಬೇಕಾಯಿತು. ಗಾಡಿಗಾಗಿ ಗುಡ್ಡವನ್ನು ಕಡಿದು ಸುತ್ತುಬಳಸಿನ ರಸ್ತೆಗಳಾದವು. 1880ರ ದಶಕದಲ್ಲಿ ರೈಲು ಬಂದು ಹತ್ತಿಯನ್ನು ಮರ್ಮಗೋವಾದತ್ತ ಸೆಳೆದುಕೊಂಡಿತು, ಕುಮಟಾದ ವೈಭವ ಇಳಿಯಿತು. ರಸ್ತೆಗಳು ಮಾತ್ರ ಉಳಿದವು.

ಆದರೆ ಆ ರಸ್ತೆಗಳು ಎಲ್ಲ ಊರುಗಳನ್ನೂ ಮುಟ್ಟಲಿಲ್ಲ. ಘಟ್ಟದ ಮಡಿಲಿನ ಕೇರಿ, ತೋಟ, ಕೊಪ್ಪಗಳಿಗೆ ಹಳೆಯ ಹಾದಿಯೇ ಗತಿ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಈ ಸೀಮೆಯಲ್ಲಿ ಕೆಂಪು ಮಣ್ಣಿನ ದಾರಿ ಜೂನ್ ಕಳೆಯುವ ಹೊತ್ತಿಗೆ ಹಳ್ಳವಾಗಿರುತ್ತದೆ. ಇಲ್ಲಿಗೆ ಬಂದದ್ದು ಜೀಪು.

ಯುದ್ಧದ ಕೂಸು

ಜೀಪು ಹುಟ್ಟಿದ್ದೇ ದಾರಿಯಿಲ್ಲದ ಕಡೆ ಹೋಗಲಿಕ್ಕೆ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ ಹಗುರವಾದ, ನಾಲ್ಕೂ ಗಾಲಿ ಎಳೆಯುವ ವಾಹನವೊಂದು ಬೇಕೆಂದು 135 ಕಂಪನಿಗಳಿಗೆ ಬರೆಯಿತು. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅದನ್ನು ಅದೇ ಸೆಪ್ಟೆಂಬರಿನಲ್ಲಿ ಮಾಡಿಕೊಟ್ಟಿತು. ಭಾರೀ ಸಂಖ್ಯೆಯಲ್ಲಿ ತಯಾರಿಸಿದವರು ಮಾತ್ರ ವಿಲ್ಲಿಸ್ ಮತ್ತು ಫೋರ್ಡ್. ಯುದ್ಧ ಮುಗಿಯುವ ವೇಳೆಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು.

ನಮ್ಮ ದೇಶದಲ್ಲಿ 1945ರಲ್ಲಿ ಇಬ್ಬರು ಮಹೀಂದ್ರಾ ಸಹೋದರರು ಗುಲಾಂ ಮೊಹಮ್ಮದ್ ಅವರೊಡನೆ ಸೇರಿ ಒಂದು ಕಂಪನಿ ಕಟ್ಟಿದರು. ದೇಶ ಒಡೆದಾಗ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು, ಮುಂದೆ ಗವರ್ನರ್ ಜನರಲ್ಲೂ ಆದರು. 1948ರಲ್ಲಿ ಕಂಪನಿಯ ಹೆಸರು 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು. ಅಮೆರಿಕದಿಂದ ಬಿಡಿಭಾಗ ತರಿಸಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪು ಜೋಡಿಸಲು ಅದು ತೊಡಗಿದ್ದೂ ಆ ದಶಕದ ಕೊನೆಯಲ್ಲೇ.

ಇದರ ಗುಟ್ಟು ಏನು? ಸಾಮಾನ್ಯ ಕಾರಿನಲ್ಲಿ ಎರಡು ಗಾಲಿ ಮಾತ್ರ ಎಳೆಯುತ್ತವೆ. ಅವು ಕೆಸರಿನಲ್ಲಿ ತಿರುಗತೊಡಗಿದರೆ ಮುಗಿಯಿತು. ಜೀಪಿನಲ್ಲಿ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆಯಿದ್ದು, ಅದು ಶಕ್ತಿಯನ್ನು ಮುಂದಿನ ಗಾಲಿಗಳಿಗೂ ಹಂಚುತ್ತದೆ. ಅದರಲ್ಲೇ ಒಂದು ನಿಧಾನದ ಗೇರೂ ಇದೆ. ಅದನ್ನು ಹಾಕಿದರೆ ವೇಗ ಹತ್ತಿರಹತ್ತಿರ ಅರ್ಧಕ್ಕಿಳಿದು, ಎಳೆಯುವ ಬಲ ಇಮ್ಮಡಿಯಾಗುತ್ತದೆ. ಘಟ್ಟ ಹತ್ತುವ ಎತ್ತಿನ ನಡಿಗೆಯೂ ಹಾಗೆಯೇ ಅಲ್ಲವೆ: ನಿಧಾನ, ಆದರೆ ನಿಲ್ಲದು.

ಗ್ಯಾರೇಜಿನ ವಿದ್ಯೆ

ಮಲೆನಾಡು, ಕರಾವಳಿಗಳ ಗ್ಯಾರೇಜುಗಳಲ್ಲಿ ಜೀಪು ಕಂಪನಿ ಕೊಟ್ಟ ರೂಪದಲ್ಲೇ ಉಳಿಯಲಿಲ್ಲ. ಪೆಟ್ರೋಲು ದುಬಾರಿಯಾದಾಗ ಎಂಜಿನ್ನೇ ಬದಲಾಯಿತು, ಡೀಸೆಲ್ ಬಂತು. ಅದಕ್ಕೆ ಖರ್ಚಿನ ಜೊತೆ ಇನ್ನೊಂದು ಕಾರಣವೂ ಉಂಟು. ಪೆಟ್ರೋಲ್ ಎಂಜಿನ್ನಿಗೆ ಕಿಡಿ ಬೇಕು. ಹಳ್ಳ ದಾಟುವಾಗ ಕಿಡಿಯ ತಂತಿಗಳಿಗೆ ನೀರು ತಾಗಿದರೆ ಗಾಡಿ ನಡುನೀರಿನಲ್ಲೇ ನಿಂತೀತು. ಡೀಸೆಲ್ ಎಂಜಿನ್ನಿನಲ್ಲಿ ಗಾಳಿಯನ್ನು ಒತ್ತಿದ ಬಿಸಿಗೇ ಎಣ್ಣೆ ಹೊತ್ತಿಕೊಳ್ಳುತ್ತದೆ. ಆದರೆ ಅದು ಉಸಿರಾಡುವ ಬಾಯಿಗೆ ನೀರು ಹೊಕ್ಕರೆ ಒಳಗಿನ ಕನೆಕ್ಟಿಂಗ್ ರಾಡೇ ಬಾಗುತ್ತದೆ. ಕಾಡಿಗಿಳಿಯುವ ಪಿಕಪ್ಪುಗಳಲ್ಲಿ ಗಾಳಿಯ ಕೊಳವೆಯನ್ನು ಛಾವಣಿಯ ಮಟ್ಟಕ್ಕೆ ಏರಿಸಿರುವುದು ಅದಕ್ಕೇ, ಅಂದಕ್ಕಲ್ಲ.

ಕಮಾನಿನ ಪಟ್ಟಿ ಹೆಚ್ಚಿಸಿ ಮೈ ಎತ್ತರಿಸುವುದು ಇನ್ನೊಂದು ಮಾರ್ಪಾಟು. ಇಲ್ಲೊಂದು ತಪ್ಪು ತಿಳಿವಳಿಕೆ ಸಾಮಾನ್ಯ. ಕಮಾನು ಎತ್ತರಿಸಿದರೆ ಮೈ ಮೇಲೇರುತ್ತದೆ ಹೊರತು ಗಾಲಿಗಳ ನಡುವಿನ ಅಚ್ಚು ಇದ್ದಲ್ಲೇ ಇರುತ್ತದೆ. ಕಲ್ಲು ಬಡಿಯುವುದು ಆ ಅಚ್ಚಿನ ನಡುವಿನ ಗುಂಡಿಗೇ. ಅದನ್ನು ಏರಿಸುವುದು ದೊಡ್ಡ ಟೈರು ಮಾತ್ರ, ಅದೂ ಟೈರಿನ ಅಡ್ಡಳತೆ ಎರಡು ಇಂಚು ಹೆಚ್ಚಿದರೆ ಒಂದೇ ಇಂಚು. ದೊಡ್ಡ ಟೈರಿಗೂ ಬೆಲೆ ತೆರಬೇಕು. ಅಡ್ಡಳತೆ ನೂರಕ್ಕೆ ಹತ್ತು ಹೆಚ್ಚಾದರೆ ಮೀಟರು 60 ತೋರುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. ಬ್ರೇಕು ಹಿಡಿಯುವುದೂ ಕಷ್ಟ. ಎತ್ತರಿಸಿದಷ್ಟೂ ತಿರುವಿನಲ್ಲಿ ಮಗುಚುವ ಭಯ. ಎತ್ತಿನ ಹೇರು ವಾಲಿದರೆ ಏನಾಗುತ್ತಿತ್ತೋ ಅದೇ.

ಕಾಸು ಖರ್ಚಿಲ್ಲದ ಉಪಾಯವೊಂದಿದೆ: ಟೈರಿನ ಗಾಳಿ ಇಳಿಸುವುದು. ಟೈರು ನೆಲದ ಮೇಲೆ ಹರಡಿಕೊಂಡು ಮರಳಿನಲ್ಲಿ, ಕೆಸರಿನಲ್ಲಿ ಹೂತುಹೋಗದೆ ಸಾಗುತ್ತದೆ. ಕೊಲ್ಲಿ ದೇಶಗಳಲ್ಲಿ ದುಡಿದು ಬಂದ ಈ ಕರಾವಳಿಯವರಿಗೆ ಮರುಭೂಮಿಯ ಈ ಪಾಠ ಹೊಸದಲ್ಲ. ಡಾಂಬರು ರಸ್ತೆಗೆ ಬಂದೊಡನೆ ಮತ್ತೆ ಗಾಳಿ ತುಂಬುವುದನ್ನು ಮಾತ್ರ ಮರೆಯಬಾರದು.

ಭಟ್ಕಳದಿಂದ ತೆಂಕಣಕ್ಕೆ, ಕೊಲ್ಲೂರಿನ ಬಳಿಯ ಕೊಡಚಾದ್ರಿಗೆ ಹೋದವರಿಗೆ ಈ ವಿದ್ಯೆಯ ಪರಿಚಯ ಮೈಕೈ ನೋವಿನ ಮೂಲಕ ಆಗಿರುತ್ತದೆ. 1,343 ಮೀಟರ್ ಎತ್ತರದ ಆ ಬೆಟ್ಟದ ಕಲ್ಲುದಾರಿಯಲ್ಲಿ ಯಾತ್ರಿಕರನ್ನು ಹೊತ್ತು ಜೀಪುಗಳು ಹತ್ತುವುದನ್ನು ನೋಡಿದರೆ, ಕಂಪನಿಯ ಎಂಜಿನಿಯರಿಗಿಂತ ಆ ಚಾಲಕನೇ ದೊಡ್ಡವನೆನಿಸುತ್ತದೆ.

ಕಾನೂನು ಮತ್ತು ಗುಡ್ಡ

ಆದರೆ ಈ ವಿದ್ಯೆಗೆ ಕಾನೂನಿನ ಮನ್ನಣೆಯಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರ ತಯಾರಕ ಮೂಲದಲ್ಲಿ ಗೊತ್ತುಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಹೆದ್ದಾರಿಯಲ್ಲಿ ಹೋಗುವ ಉಳಿದವರ ಪ್ರಾಣದ ದೃಷ್ಟಿಯಿಂದ ಇದು ಸರಿಯೇ. ಹೊರಚಾಚಿದ ಟೈರು, ಹಿಡಿಯದ ಬ್ರೇಕು ಯಾರ ಹವ್ಯಾಸಕ್ಕಾದರೂ ಇನ್ನೊಬ್ಬರ ಬಲಿ ಕೇಳಬಾರದು. ಆದರೆ ಮಳೆಗಾಲದಲ್ಲಿ ಬಸುರಿಯನ್ನು ಆಸ್ಪತ್ರೆಗೆ ಇಳಿಸಬೇಕಾದ ಘಟ್ಟದ ಕೇರಿಗೆ ಡಾಂಬರು ರಸ್ತೆಗೆಂದೇ ಮಾಡಿದ ಕಾರು ಏನು ಮಾಡೀತು? ಶೋಕಿಯನ್ನೂ ಅಗತ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆನಿಸದು. ಪರೀಕ್ಷಿಸಿ ಒಪ್ಪಿಗೆ ಕೊಡುವ ದಾರಿಯೊಂದು ಇಂಥ ಊರುಗಳಿಗೆ ಬೇಕು.

'ಎಲ್ಲ ಕೇರಿಗೂ ಅಗಲವಾದ ರಸ್ತೆ ಮಾಡಿದರೆ ಈ ತಾಪತ್ರಯವೇ ಇಲ್ಲವಲ್ಲ' ಎನ್ನಬಹುದು. ರಸ್ತೆ ಬೇಕು, ನಿಜ. ಆದರೆ ಈ ನೆಲದ ಗುಡ್ಡಗಳು ಎಷ್ಟು ಸಡಿಲವೆಂಬುದನ್ನು ನಾವು ಕಂಡಿದ್ದೇವೆ. 2022ರ ಆಗಸ್ಟ್ 2ರಂದು, ರಾತ್ರಿಯಿಡೀ ಸುರಿದ ಭಾರೀ ಮಳೆಗೆ ಇದೇ ಮುಟ್ಟಳ್ಳಿಯಲ್ಲಿ ಗುಡ್ಡ ಮನೆಯೊಂದರ ಮೇಲೆ ಜರಿದು ಒಂದೇ ಕುಟುಂಬದ ನಾಲ್ವರು ತೀರಿಕೊಂಡರು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಗುಡ್ಡ ರಸ್ತೆಯನ್ನೂ ಜನರನ್ನೂ ನುಂಗಿ ಗಂಗಾವಳಿ ನದಿಗೆ ಇಳಿಯಿತು. ಗುಡ್ಡದ ಬುಡ ಕಡಿಯುವ ಮುನ್ನ ಎರಡು ಸಲ ಯೋಚಿಸಬೇಕೆಂಬ ಪಾಠ ಇದಕ್ಕಿಂತ ದುಬಾರಿಯಾಗಿ ಸಿಗಲಾರದು.

ಹೇರಿನ ಎತ್ತಿನವನು ಗುಡ್ಡವನ್ನು ಮುಟ್ಟಲಿಲ್ಲ. ತನ್ನ ಹೇರನ್ನು ಸರಿಮಾಡಿಕೊಂಡ. ಹತ್ತಿಯ ಕಾಲದವರು ಗುಡ್ಡ ಕಡಿದರು, ಆದರೆ ಎತ್ತಿನ ಗಾಡಿಗೆ ಬೇಕಾದಷ್ಟೇ. ನಮ್ಮ ಕಾಲಕ್ಕೆ ಲಾರಿಯೂ ಬೇಕು, ಹೆದ್ದಾರಿಯೂ ಬೇಕು. ಆದರೂ ಹೆದ್ದಾರಿ ಮುಗಿದು ಮಣ್ಣುದಾರಿ ಶುರುವಾಗುವ ಕಡೆ, ಗಾಡಿಯಿಳಿದು ಗಾಲಿಯ ಗಾಳಿ ನೋಡಿ, ಸಾಮಾನನ್ನು ಎರಡೂ ಮಗ್ಗುಲಿಗೆ ಸಮನಾಗಿ ಹಂಚಿ, ನಿಧಾನದ ಗೇರು ಹಾಕುವ ಚಾಲಕ, ತನಗೆ ತಿಳಿಯದೆಯೇ ಆ ಹಳೆಯ ಎತ್ತಿನವನ ಹಾದಿಯಲ್ಲೇ ಇದ್ದಾನೆ. ಘಟ್ಟದ ಮುಂದೆ ಬಗ್ಗಬೇಕಾದವರು ನಾವು ಎಂಬುದನ್ನು ಇಬ್ಬರೂ ಬಲ್ಲವರು.