ಬಿದ್ದ ಕೊಂಬೆಯಲ್ಲಿ ನೆಂಟರನ್ನು ಕಂಡ ಚಿತ್ರಗಾರ

ದಾರಿಯಲ್ಲಿ ಬಿದ್ದ ಒಣ ಕೊಂಬೆಯನ್ನು ನಮ್ಮೂರ ಕಡೆ ಎರಡೇ ಕಾರಣಕ್ಕೆ ಎತ್ತಿಕೊಳ್ಳುತ್ತಾರೆ. ದೊಡ್ಡವರಾದರೆ ಒಲೆಗೆ, ಚಿಕ್ಕವರಾದರೆ ಆಟಕ್ಕೆ. ಆದರೆ ನೂರಾರು ಚಿತ್ರ ಬರೆದು ದೇಶಕ್ಕೆಲ್ಲ ಹೆಸರಾಗಿದ್ದ ಒಬ್ಬ ಚಿತ್ರಗಾರರು ಇಳಿವಯಸ್ಸಿನಲ್ಲಿ ಮಕ್ಕಳ ಹಾಗೆ ಆಟಕ್ಕೇ ಕೊಂಬೆ ಎತ್ತಿಕೊಂಡರು. ಅವರ ಹೆಸರು ಅವನೀಂದ್ರನಾಥ ಠಾಕೂರ್. ಕವಿ ರವೀಂದ್ರನಾಥರಿಗೆ ಅಣ್ಣನ ಮಗನ ವರಸೆ.

ಅವನೀಂದ್ರನಾಥರು ಹುಟ್ಟಿದ್ದು 1871ರಲ್ಲಿ, ಕಲ್ಕತ್ತೆಯ ಜೋಡಾಸಾಂಕೋ ಮನೆತನದಲ್ಲಿ. ಬ್ರಿಟಿಷರು ಬಂಗಾಳವನ್ನು ಎರಡು ಹೋಳು ಮಾಡಿದ 1905ರಲ್ಲಿ ಅವರು ಬರೆದ 'ಭಾರತಮಾತಾ' ಚಿತ್ರವನ್ನು ನೀವು ಎಲ್ಲಾದರೂ ನೋಡಿರುತ್ತೀರಿ. ಕಾವಿಬಟ್ಟೆಯ ಹೆಣ್ಣುಮಗಳು, ನಾಲ್ಕು ಕೈ. ಆ ಕೈಗಳಲ್ಲಿ ಕತ್ತಿ, ತ್ರಿಶೂಲ ಇಲ್ಲ. ಭತ್ತದ ತೆನೆ, ಬಿಳಿ ಬಟ್ಟೆ, ಪುಸ್ತಕ, ಜಪಮಾಲೆ ಇವೆ. ಅಂದರೆ ಅನ್ನ, ಬಟ್ಟೆ, ವಿದ್ಯೆ, ಭಕ್ತಿ.

ಆ ಕಾಲದ ಸರಕಾರಿ ಕಲಾಶಾಲೆಗಳಲ್ಲಿ ಯುರೋಪಿನ ಪದ್ಧತಿಯೇ ಮಾದರಿ. ಅಲ್ಲಿನ ಶಿಲ್ಪಗಳ ಸುಣ್ಣದ ಅಚ್ಚುಗಳನ್ನು ಎದುರಿಗಿಟ್ಟುಕೊಂಡು ಹುಡುಗರು ಅದರಂತೆಯೇ ಬರೆಯಬೇಕಿತ್ತು. ಕಲ್ಕತ್ತೆಯ ಶಾಲೆಯಲ್ಲಿ ಇದನ್ನು ಬದಲಿಸಲು ಹೊರಟವರು ಅಲ್ಲಿನ ಪ್ರಾಂಶುಪಾಲ ಹ್ಯಾವೆಲ್. ಅವರ ಜತೆಗೆ ನಿಂತವರು ಅವನೀಂದ್ರನಾಥರು. ನಮ್ಮ ಹಳೆಯ ಚಿತ್ರಗಳನ್ನು, ನಮ್ಮ ಕಥೆಗಳನ್ನು ನೋಡಿ ಕಲಿಯಿರಿ ಎಂದು ಅವರು ಹೇಳಿಕೊಟ್ಟರು.

ಅವರಲ್ಲಿ ಕಲಿತವರ ಪೈಕಿ ನಮ್ಮ ಮೈಸೂರಿನವರೊಬ್ಬರಿದ್ದರು. ಅರಮನೆಯ ಚಿತ್ರಗಾರರ ಮನೆತನದ ಕೆ. ವೆಂಕಟಪ್ಪನವರು. ನಾಲ್ವಡಿ ಕೃಷ್ಣರಾಜ ಒಡೆಯರು 1909ರಲ್ಲಿ ಅವರನ್ನು ಕಲ್ಕತ್ತೆಗೆ ಕಳಿಸಿದರು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವೆಂಕಟಪ್ಪ ಆರ್ಟ್ ಗ್ಯಾಲರಿ ಅವರದೇ ಹೆಸರಿನದು. ಹಾಗಾಗಿ ಅವನೀಂದ್ರನಾಥರು ನಮಗೂ ಪೂರ್ತಿ ಹೊರಗಿನವರಲ್ಲ.

ಇಂಥ ಗುರು ವಯಸ್ಸಾದ ಮೇಲೆ ಕುಂಚ ಬದಿಗಿಟ್ಟು ಕೊಂಬೆ, ಬೇರು, ಬಿದಿರಿನ ಚೂರು, ಒಣಗಿದ ಕಾಯಿಗಳನ್ನು ಕೂಡಿಹಾಕತೊಡಗಿದರು. ಅವುಗಳಿಂದ ಹಕ್ಕಿ, ಪ್ರಾಣಿ, ಮನುಷ್ಯರನ್ನು ಮಾಡಿದರು. ಆ ಆಟಿಕೆಗಳಿಗೆ 'ಕುಟುಂ ಕಾಟಾಂ' ಎಂದು ಹೆಸರು. ಬಂಗಾಳಿಯಲ್ಲಿ ಕುಟುಂ ಎಂದರೆ ನೆಂಟ. ನಮ್ಮ 'ಕುಟುಂಬ'ದ ಸಂಬಂಧಿಯೇ ಆ ಮಾತು.

ಅವರ ಕೆಲಸದ ಕ್ರಮ ತೀರ ಸರಳ. ಸಿಕ್ಕಿದ್ದನ್ನು ಆದಷ್ಟೂ ಕಡಿಮೆ ಕೆತ್ತುವುದು. ಮೊದಲು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುವುದು. ಮುರಿದ ತುದಿ ಕೊಕ್ಕಿನಂತೆ ಕಂಡರೆ ಅದು ಹಕ್ಕಿ. ಕವಲು ಎರಡು ಕಾಲಿನಂತಿದ್ದರೆ ಅದು ನಡೆಯುವ ಮನುಷ್ಯ. ಶಿಲ್ಪಿ ಮರಕ್ಕೆ ತನ್ನ ಮನಸ್ಸಿನ ಆಕಾರ ಕೊಡುತ್ತಾನೆ. ಇಲ್ಲಿ ಮರದಲ್ಲಿ ಮೊದಲೇ ಇದ್ದ ಆಕಾರವನ್ನು ಕಣ್ಣು ಹುಡುಕುತ್ತದೆ. ಅಚ್ಚು ನೋಡಿ ಬರೆಯುವುದನ್ನು ಒಪ್ಪದ ಮನುಷ್ಯ ಕೊನೆಗೆ ಬಂದು ತಲುಪಿದ್ದು ಇಲ್ಲಿಗೆ. ರವೀಂದ್ರರು ತೀರಿಕೊಂಡ ಮೇಲೆ, 1942ರಲ್ಲಿ, ಶಾಂತಿನಿಕೇತನದ ವಿಶ್ವಭಾರತಿಗೆ ಆಚಾರ್ಯರಾದರು. ಅಷ್ಟು ದೊಡ್ಡ ಹುದ್ದೆಯ ಕಾಲದಲ್ಲೂ ಈ ಆಟ ಬಿಡಲಿಲ್ಲ. 1951ರಲ್ಲಿ ತೀರಿಕೊಂಡರು. ಇಂದು ಕಲೆಯ ಚರಿತ್ರೆ ಬರೆಯುವವರು ಈ ಆಟಿಕೆಗಳನ್ನೂ ಅವರ ಚಿತ್ರಗಳ ಜತೆಗೆ ಲೆಕ್ಕಕ್ಕೆ ಹಿಡಿಯುತ್ತಾರೆ.

ಈಗ ನಮ್ಮ ಹೊಲದ ಬದುವಿಗೆ ಬರೋಣ. ಬಯಲುಸೀಮೆಯಲ್ಲಿ ದನ ಕಾಯುವ ಹುಡುಗರು ಜೋಳದ ದಂಟಿನ ಸಿಬಿರು ಸುಲಿದು, ಒಳಗಿನ ಬೆಂಡಿಗೆ ಸಿಬಿರು ಚುಚ್ಚಿ ಬಂಡಿ ಮಾಡುತ್ತಿದ್ದರು, ಕನ್ನಡಕ ಮಾಡುತ್ತಿದ್ದರು. ತೆಂಗಿನ ಸೀಮೆಯಲ್ಲಿ ಗರಿಯ ಪೀಪಿ, ಗರಿಯ ಗಡಿಯಾರ, ಗರಿಯ ಹಾವು. ಮಲೆನಾಡು, ಕರಾವಳಿಯಲ್ಲಿ ಬಿದ್ದ ಅಡಿಕೆ ಹಾಳೆಯ ಮೇಲೆ ಒಬ್ಬರನ್ನು ಕೂರಿಸಿ ಇನ್ನೊಬ್ಬರು ಎಳೆದರೆ ಅದೇ ಗಾಡಿ. ಹಲಸಿನ ಎಲೆಗೆ ಕಡ್ಡಿ ಚುಚ್ಚಿ ಸೇರಿಸಿದರೆ ಕಿರೀಟ. ಇದನ್ನು ಯಾರೂ ಕಲ್ಕತ್ತೆಗೆ ಹೋಗಿ ಕಲಿತು ಬಂದದ್ದಲ್ಲ. ದಾರಿಯಲ್ಲಿ ಸಿಕ್ಕಿದ್ದನ್ನು ತಿರುಗಿಸಿ ನೋಡುವ ಆ ಕಣ್ಣು ಮಾತ್ರ ಅದೇ.

ಹಾಗಾದರೆ ಇದರ ಚರಿತ್ರೆ ಯಾಕೆ ಯಾರೂ ಬರೆದಿಲ್ಲ? ಒಂದು ಕಾರಣ, ಇವು ಉಳಿಯುವುದಿಲ್ಲ. ಸಿಂಧೂ ಕಣಿವೆಯ ಊರುಗಳಲ್ಲಿ ನಾಲ್ಕು ಸಾವಿರ ವರ್ಷಕ್ಕೂ ಹಳೆಯ ಮಣ್ಣಿನ ಎತ್ತು, ಮಣ್ಣಿನ ಬಂಡಿಗಳು ಸಿಕ್ಕಿವೆ. ಸುಟ್ಟ ಮಣ್ಣಾದ್ದರಿಂದ ಅವು ಉಳಿದವು. ಆ ಮಕ್ಕಳು ಎಲೆಯಲ್ಲಿ, ದಂಟಿನಲ್ಲಿ ಏನಾದರೂ ಮಾಡಿದ್ದರೆ ಅದು ಒಂದು ಮಳೆಗಾಲವನ್ನೂ ದಾಟುತ್ತಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ನಾವು ಮಾಡುವ ಹಸಿಮಣ್ಣಿನ ಎತ್ತುಗಳ ಗತಿಯೂ ಅಷ್ಟೇ. ಪೂಜೆ ಮುಗಿದ ಮೇಲೆ ಅವು ಮಣ್ಣಿಗೇ ಮರಳುತ್ತವೆ.

ಇನ್ನೊಂದು ಕಾರಣ ಹೆಸರಿನದು. ಠಾಕೂರರ ಮನೆಯವರು ಕೊಂಬೆ ಎತ್ತಿಕೊಂಡರೆ ಕಲೆ, ದನ ಕಾಯುವ ಹುಡುಗ ಎತ್ತಿಕೊಂಡರೆ ಹೊತ್ತು ಕಳೆಯುವ ಕೆಲಸ. ಇದರಲ್ಲಿ ಅವನೀಂದ್ರನಾಥರ ತಪ್ಪೇನಿಲ್ಲ. ಅವರೇ ಅದನ್ನು ಆಟ ಎಂದು ಆಡಿದವರು. ತಪ್ಪಿದ್ದರೆ ಲೆಕ್ಕ ಇಡುವವರದು.

ಇಂಥ ವಿದ್ಯೆ ಪುಸ್ತಕದಲ್ಲಿಲ್ಲ, ಕೈಯಲ್ಲಿದೆ. ಒಂದು ತಲೆಮಾರು ಮಾಡದೆ ಬಿಟ್ಟರೆ ಮುಂದಿನವರಿಗೆ ಕೇಳಲೂ ತಿಳಿಯುವುದಿಲ್ಲ. ಆದ್ದರಿಂದ ನಿಮ್ಮಲ್ಲಿ ನಮ್ಮದೊಂದು ಕೋರಿಕೆ. ಮನೆಯ ಅಜ್ಜ, ಅಜ್ಜಿ, ದೊಡ್ಡಪ್ಪನವರ ಕೈಗೆ ಒಂದು ತೆಂಗಿನ ಗರಿಯನ್ನೋ ಜೋಳದ ದಂಟನ್ನೋ ಕೊಡಿ. ಅವರ ಬೆರಳು ಏನು ಮಾಡುತ್ತದೆ ಎಂಬುದನ್ನು ಇದೇ ಫೋನಿನಲ್ಲಿ ವಿಡಿಯೊ ಮಾಡಿ. ಗಿಡದ ಹೆಸರು, ಆಟಿಕೆಗೆ ನಿಮ್ಮೂರಲ್ಲಿ ಏನಂತಾರೆ, ಯಾವ ತಿಂಗಳಲ್ಲಿ ಮಾಡುತ್ತಿದ್ದರು, ಯಾರಿಂದ ಕಲಿತರು, ಈ ನಾಲ್ಕನ್ನು ಕೇಳಿ ಬರೆದಿಡಿ. ದಂಟಿನ ಬಂಡಿ ಮುಂದಿನ ಮಳೆಗೆ ಕೊಳೆತರೂ ಅದನ್ನು ಮಾಡುವ ಬಗೆ ಉಳಿಯುತ್ತದೆ.