ಬದಲಾಗದ ಬೇತಾಳ, ಬಯಲಾಗುವ ರಾಜ: ‘ಚಂದಮಾಮ’ದ ಬೇತಾಳ ಕಥಾಮಾಲೆಯಲ್ಲಿ ಪಾತ್ರ ಮತ್ತು ಗತಿ

1. ಪ್ರವೇಶ

ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ನಡುವಿನ ಬಳಗಾನೂರಿನ ನಮ್ಮ ಮನೆಯಲ್ಲಿ, ಕೊಟ್ಟ ಸಾಲ ಕೇಳಲು ದಿನಾ ಬಾಗಿಲಿಗೆ ಬಂದು ನಿಲ್ಲುವವನನ್ನು ‘ಬ್ಯಾತಾಳ ಆಗಿ ಬೆನ್ನ ಹತ್ಯಾನ’ ಎನ್ನುತ್ತಿದ್ದರು. ‘ಚಂದಮಾಮ’ ಮಾಸಪತ್ರಿಕೆಯ ಬೇತಾಳ ಕಥೆಗಳನ್ನು ಓದಿದವರಿಗೆ ಈ ಮಾತು ತುಸು ವಿಚಿತ್ರವಾಗಿ ಕೇಳಬೇಕು. ಅಲ್ಲಿ ಬೆನ್ನು ಹತ್ತುವವನು ರಾಜ. ಬೇತಾಳ ತಪ್ಪಿಸಿಕೊಂಡು ಹೋಗಿ ಮರದ ಕೊಂಬೆಗೆ ತೂಗಾಡುತ್ತದೆ. ಆದರೆ ಆಡುಮಾತು ಈ ಅದಲುಬದಲನ್ನು ಸುಮ್ಮನೆ ಮಾಡಿಲ್ಲ. ತಿಂಗಳು ತಿಂಗಳು ತಪ್ಪದೆ ಓದುಗನ ಬೆನ್ನು ಹತ್ತಿದ್ದು ನಿಜವಾಗಿಯೂ ಬೇತಾಳವೇ. ಕಥೆಯೊಳಗಿನ ಓಟಕ್ಕೂ ಪತ್ರಿಕೆಯ ಓಟಕ್ಕೂ ಇರುವ ಈ ವ್ಯತ್ಯಾಸವೇ ಪ್ರಸ್ತುತ ಲೇಖನದ ವಸ್ತು.

ಭಯದ ಧಾರಾವಾಹಿಯಲ್ಲಿ ಪಾತ್ರ ಹೇಗೆ ಬೆಳೆಯುತ್ತದೆ, ಕಥೆಯ ಗತಿಯನ್ನು ಯಾವುದು ನಿಯಂತ್ರಿಸುತ್ತದೆ ಎಂಬ ಪ್ರಶ್ನೆಗಳನ್ನು ಕನ್ನಡದ ಮಟ್ಟಿಗೆ ಕೇಳಲು ‘ಚಂದಮಾಮ’ದ ಬೇತಾಳ ಕಥೆಗಳಿಗಿಂತ ತಕ್ಕ ಸಾಮಗ್ರಿ ಸಿಗುವುದು ಕಷ್ಟ. ಇವು ಚೌಕಗಳಾಗಿ ಒಡೆದ ಕಾಮಿಕ್ಸ್ ಅಲ್ಲ, ಚಿತ್ರಸಹಿತ ಕಥೆಗಳು. ಆದರೂ ಕಂತು, ಸ್ಥಿರ ಚಿತ್ರ, ಮರುಕಳಿಸುವ ಪಾತ್ರ, ಕಂತುಗಳ ನಡುವಿನ ಕಾಯುವಿಕೆ, ಈ ನಾಲ್ಕೂ ಇಲ್ಲಿವೆ. ಅಂಥ ರೂಪದಲ್ಲಿ ಪಾತ್ರ ಬದಲಾಗುವುದಕ್ಕಿಂತ ಹೆಚ್ಚಾಗಿ ಬಯಲಾಗುತ್ತದೆ ಎಂಬುದು ನನ್ನ ವಾದ. ಬದಲಾವಣೆ ನಡೆದ ದಿನ ಧಾರಾವಾಹಿಯೂ ಮುಗಿಯುತ್ತದೆ.

2. ಒಂದು ರಾತ್ರಿ, ಅರ್ಧ ಶತಮಾನ

ಬಿ. ನಾಗಿರೆಡ್ಡಿ ಮತ್ತು ಚಕ್ರಪಾಣಿ ಅವರು 1947ರ ಜುಲೈನಲ್ಲಿ ಮದರಾಸಿನಿಂದ ತೆಲುಗು, ತಮಿಳುಗಳಲ್ಲಿ ಹೊರತಂದ ಮಾಸಪತ್ರಿಕೆಗೆ 1949ರಲ್ಲಿ ಕನ್ನಡದ ಆವೃತ್ತಿ ಸೇರಿಕೊಂಡಿತು. 1955ರಲ್ಲಿ ತೆಲುಗಿನಲ್ಲಿ ಬೇತಾಳ ಕಥೆಗಳು ಆರಂಭವಾದವು. ದೀರ್ಘಕಾಲ ಪತ್ರಿಕೆಯ ಸಂಪಾದಕತ್ವದ ಹೊಣೆ ಹೊತ್ತಿದ್ದ ತೆಲುಗು ಲೇಖಕ ಕೊಡವಟಿಗಂಟಿ ಕುಟುಂಬರಾವ್ ಈ ಮಾಲೆಯನ್ನು ರೂಪಿಸಿದರು. ಮೂಲದ ಕಥೆಗಳು ಮುಗಿದ ಮೇಲೂ ಚೌಕಟ್ಟು ಹಾಗೇ ಉಳಿಯಿತು. ಅದರೊಳಗೆ ಬೇರೆ ಬೇರೆ ಕಡೆಯ ಜನಪದ ಕಥೆಗಳು, ಹೊಸದಾಗಿ ಕಟ್ಟಿದ ಕಥೆಗಳು ಬಂದು ಕೂತವು.

ಮೂಲವೆಂದರೆ ಬೇತಾಳ ಪಂಚವಿಂಶತಿ. ಹನ್ನೊಂದನೆಯ ಶತಮಾನದ ಕಾಶ್ಮೀರದ ಸೋಮದೇವ ‘ಕಥಾಸರಿತ್ಸಾಗರ’ದಲ್ಲಿಯೂ ಕ್ಷೇಮೇಂದ್ರ ‘ಬೃಹತ್ಕಥಾಮಂಜರಿ’ಯಲ್ಲಿಯೂ ಇದನ್ನು ಅಳವಡಿಸಿದ್ದಾರೆ. ಸೋಮದೇವನಲ್ಲಿ ರಾಜ ಗೋದಾವರಿ ದಡದ ಪ್ರತಿಷ್ಠಾನದ ತ್ರಿವಿಕ್ರಮಸೇನ. ಕ್ಷಾಂತಿಶೀಲನೆಂಬ ಸನ್ಯಾಸಿ ದಿನಕ್ಕೊಂದರಂತೆ ಹತ್ತು ವರ್ಷ ಹಣ್ಣು ತಂದುಕೊಡುತ್ತಾನೆ. ಪ್ರತಿ ಹಣ್ಣಿನೊಳಗೂ ರತ್ನವಿತ್ತೆಂಬುದು ಒಂದು ಕೋತಿಯ ದೆಸೆಯಿಂದ ತಿಳಿಯುತ್ತದೆ. ಋಣ ತೀರಿಸಲು ರಾಜ ಕೃಷ್ಣ ಚತುರ್ದಶಿಯ ರಾತ್ರಿ ಸ್ಮಶಾನಕ್ಕೆ ಹೋಗಿ, ಶಿಂಶಪಾ ವೃಕ್ಷದಲ್ಲಿ ತೂಗುವ ಹೆಣವನ್ನು ತರಬೇಕು.

ಇಲ್ಲಿ ಲೆಕ್ಕವೊಂದನ್ನು ಗಮನಿಸಬೇಕು. ಮೂಲದಲ್ಲಿ ಎಲ್ಲ ಕಥೆಗಳೂ ಒಂದೇ ರಾತ್ರಿಯಲ್ಲಿ ನಡೆದುಹೋಗುತ್ತವೆ. ತಿಂಗಳಿಗೊಂದರಂತೆ ಅಚ್ಚಾದರೆ ಇಪ್ಪತ್ತೈದು ಕಥೆಗಳಿಗೇ ಎರಡು ವರ್ಷ ಮೀರುತ್ತದೆ. ‘ಚಂದಮಾಮ’ ಅದೇ ರಾತ್ರಿಯನ್ನು, ನಡುವೆ ಪತ್ರಿಕೆ ನಿಂತಿದ್ದ ಕಾಲವನ್ನು ಕಳೆದರೂ, ಸುಮಾರು ಅರ್ಧ ಶತಮಾನ ಎಳೆಯಿತು. ಓದುವ ಮಗು ಬೆಳೆದು, ಮದುವೆಯಾಗಿ, ತನ್ನ ಮಗುವಿಗೆ ಪತ್ರಿಕೆ ತಂದುಕೊಡುವಾಗಲೂ ರಾಜನಿಗೆ ಬೆಳಗಾಗಿರಲಿಲ್ಲ. ಕಥೆಯ ಕಾಲ ನಿಂತು ಓದುಗನ ಕಾಲ ಮಾತ್ರ ನಡೆಯುವ ಈ ಸ್ಥಿತಿ ಮೂಲದಲ್ಲಿಲ್ಲ. ಅದು ಮಾಸಪತ್ರಿಕೆಯ ಸೃಷ್ಟಿ.

3. ಚೌಕಟ್ಟಿನ ಗತಿ

ಪ್ರತಿ ಕಂತಿನ ಮೈಕಟ್ಟು ಒಂದೇ. ರಾಜ ಮರದ ಬಳಿಗೆ ಮರಳುತ್ತಾನೆ, ಹೆಣವನ್ನು ಹೆಗಲಿಗೇರಿಸಿ ಮೌನವಾಗಿ ನಡೆಯುತ್ತಾನೆ. ಬೇತಾಳ ಮಾತು ತೆಗೆದು ದಾರಿಯ ಆಯಾಸ ಮರೆಯಲೆಂದು ಕಥೆ ಹೇಳುತ್ತದೆ. ಕೊನೆಗೆ ಪ್ರಶ್ನೆ: ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಮೌನ ಮುರಿಯುತ್ತದೆ. ರಾಜ ಹೇಳುತ್ತಾನೆ, ಬೇತಾಳ ಹೆಣದೊಂದಿಗೆ ಮತ್ತೆ ಮರವೇರುತ್ತದೆ.

ಇದೇ ಪತ್ರಿಕೆಯಲ್ಲಿ ಗತಿಯ ಇನ್ನೊಂದು ಮಾದರಿಯೂ ಇತ್ತು. ದಾಸರಿ ಸುಬ್ರಹ್ಮಣ್ಯಂ ಬರೆದ, 1954ರ ‘ತೋಕಚುಕ್ಕ’ದಿಂದ ಆರಂಭವಾದ ಮಾಂತ್ರಿಕ ಧಾರಾವಾಹಿಗಳು ಕಂತಿನ ಕೊನೆಯಲ್ಲಿ ನಾಯಕನನ್ನು ಅಪಾಯದ ಅಂಚಿಗೆ ತಂದು ನಿಲ್ಲಿಸುತ್ತಿದ್ದವು. ಚಿತ್ರಾ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಕಲಾವಿದರ ರಕ್ಕಸರು, ಮಾಂತ್ರಿಕರು, ಪಾಳು ಕೋಟೆಗಳು ಆ ಪುಟಗಳಲ್ಲಿ ತುಂಬಿರುತ್ತಿದ್ದವು. ಅಲ್ಲಿಯ ಕುತೂಹಲ ‘ಮುಂದೇನಾಯಿತು’ ಎಂಬುದು. ಬೇತಾಳ ಕಥೆಯಲ್ಲಿ ಮುಂದೇನಾಗುತ್ತದೆ ಎಂಬುದು ಕೂಸಿಗೂ ಗೊತ್ತು. ಕುತೂಹಲವೆಲ್ಲ ‘ಏನು ಹೇಳುತ್ತಾನೆ’ ಎಂಬ ಕಡೆಗೆ ವಾಲುತ್ತದೆ. ಪ್ರಶ್ನೆಗೂ ಉತ್ತರಕ್ಕೂ ನಡುವಿನ ಆ ಒಂದು ಸಾಲಿನ ಬಿಡುವಿನಲ್ಲಿ ಓದುಗ ಪುಸ್ತಕ ಮಡಚಿ ತಾನೇ ಉತ್ತರ ಹುಡುಕುತ್ತಾನೆ. ಚಿತ್ರಚೌಕಗಳ ನಡುವಿನ ಖಾಲಿ ಜಾಗದಲ್ಲಿ ಓದುಗನೇ ಕಥೆಯನ್ನು ಪೂರೈಸುತ್ತಾನೆಂದು ಸ್ಕಾಟ್ ಮೆಕ್‌ಕ್ಲೌಡ್ 1993ರ ತಮ್ಮ ‘ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್’ನಲ್ಲಿ ವಾದಿಸಿದರು. ಚೌಕಗಳೇ ಇಲ್ಲದ ಈ ಕಥೆಗಳಲ್ಲಿ ಆ ಖಾಲಿ ಜಾಗ ಪ್ರಶ್ನೆಯ ಮುಂದೆ ಇದೆ.

ಅಮೆರಿಕದಲ್ಲಿ 1950ರಿಂದ 1955ರವರೆಗೆ ಬಂದ ‘ಟೇಲ್ಸ್ ಫ್ರಮ್ ದ ಕ್ರಿಪ್ಟ್’ ಕಾಮಿಕ್ಸ್‌ನಲ್ಲಿಯೂ ಗೋರಿಯ ಕಾವಲುಗಾರನೊಬ್ಬ ಕಥೆ ಹೇಳುತ್ತಾನೆ. ಆದರೆ ಅವನ ಶ್ರೋತೃ ಪುಟದ ಹೊರಗಿನ ಓದುಗ. ಕೇಳಿದ್ದಕ್ಕೆ ತೆರಬೇಕಾದ ಬೆಲೆ ಏನೂ ಇಲ್ಲ. ಬೇತಾಳದ ಶ್ರೋತೃ ಪುಟದೊಳಗೇ ಇದ್ದಾನೆ, ಅವನ ತಲೆಯೇ ಪಣಕ್ಕಿದೆ. ಹೆದರಿಸುವುದೂ ಕಥೆ ಹೇಳುವುದೂ ಒಂದೇ ಬಾಯಿಯಾದ್ದರಿಂದ ಭಯ ಹೆಣದಿಂದ ಜಾರಿ ಪ್ರಶ್ನೆಯೊಳಗೆ ಸೇರಿಕೊಳ್ಳುತ್ತದೆ.

4. ನಿಂತ ಚಿತ್ರ, ನಡೆಯುವ ಕಾಲು

ಈ ಮಾಲೆಯನ್ನು ಕನ್ನಡಿಗರ ಕಣ್ಣಿನಲ್ಲಿ ನೆಲೆಗೊಳಿಸಿದ ಚಿತ್ರ ಕೆ.ಸಿ. ಶಿವಶಂಕರನ್ ಅವರದು. ‘ಶಂಕರ್’ ಎಂದು ಸಹಿ ಮಾಡುತ್ತಿದ್ದ ಇವರು 1952ರಲ್ಲಿ ‘ಚಂದಮಾಮ’ ಸೇರಿ, 2020ರಲ್ಲಿ ತೀರಿಕೊಂಡರು. 2021ರಲ್ಲಿ ಮರಣೋತ್ತರವಾಗಿ ಪದ್ಮಶ್ರೀ ಬಂದಿತು. ಚಿತ್ರದಲ್ಲಿ ಹೆಗಲ ಮೇಲೆ ಹೆಣ, ಕೈಯಲ್ಲಿ ಹಿರಿದ ಕತ್ತಿ, ಕಾಲಡಿಯ ನೆಲದಲ್ಲಿ ತಲೆಬುರುಡೆ. ರಾಜನ ಹೆಜ್ಜೆ ಎತ್ತಿದೆ, ಇನ್ನೂ ಊರಿಲ್ಲ. ಕತ್ತಿ ಬೀಸಲು ಎದುರಿಗೆ ಯಾರೂ ಇಲ್ಲ. ಶತ್ರು ಹೆಗಲ ಮೇಲಿದ್ದಾನೆ, ಅವನನ್ನು ಕಡಿದರೆ ಬಂದ ಕೆಲಸವೇ ಕೆಡುತ್ತದೆ. ಶೌರ್ಯಕ್ಕೆ ಇಲ್ಲಿ ಮಾಡಲು ಏನೂ ಇಲ್ಲ ಎಂಬ ಮಾತನ್ನು ಆ ಕತ್ತಿಯೇ ಹೇಳುತ್ತದೆ.

ಅದೇ ನಿಲುವು ತಿಂಗಳು ತಿಂಗಳು ಬರುತ್ತಿದ್ದುದರಿಂದ ಎರಡು ಪರಿಣಾಮಗಳಾದವು. ಮೊದಲ ಸಲ ನೋಡಿದ ಮಗುವಿಗೆ ಹೆದರಿಕೆ, ಹತ್ತನೆಯ ಸಲ ಗುರುತು, ಐವತ್ತನೆಯ ಸಲ ಸಲುಗೆ. ಜೊತೆಗೆ, ಚಿತ್ರ ಬದಲಾಗದ ಕಾರಣ ಓದುಗನ ಗಮನ ಪಠ್ಯದ ಸಣ್ಣ ಬದಲಾವಣೆಗಳ ಮೇಲೆ ಹರಿತವಾಯಿತು. ಕಥೆ ತೊಡಗುವ ಮುನ್ನ ಬೇತಾಳ ರಾಜನ ಉದ್ದೇಶವನ್ನು ಕೆಣಕುತ್ತದೆ: ಯಾರ ಉಪಕಾರಕ್ಕೆ ಈ ಶ್ರಮ, ನಂಬಿದವನು ನಂಬಿಕೆಗೆ ಅರ್ಹನೇ? ಕೆಣಕುವ ಧಾಟಿ ಕಂತಿನಿಂದ ಕಂತಿಗೆ ಬೇರೆಯಾಗುತ್ತದೆ, ಮತ್ತು ಅದರ ತಿರುಳು ಮುಂದೆ ಬರುವ ಕಥೆಯ ತಿರುಳಿಗೆ ಹೊಂದಿಕೊಂಡಿರುತ್ತದೆ.

5. ತೊಗಲುಗೊಂಬೆಯ ಇನ್ನೊಂದು ದಾರಿ

ಪಾತ್ರದ ಬದಲಾವಣೆಯನ್ನು ಚಿತ್ರದಲ್ಲಿ ತೋರಿಸಲು ಬೇರೆ ದಾರಿಯೇ ಇಲ್ಲವೇ? ಬಳಗಾನೂರಿನ ಸುತ್ತಲಿನ ಸೀಮೆಯಲ್ಲೇ ಉತ್ತರವಿದೆ. ಬಳ್ಳಾರಿ, ಕೊಪ್ಪಳ, ರಾಯಚೂರು ಭಾಗದ ಶಿಳ್ಳೆಕ್ಯಾತರ ತೊಗಲುಗೊಂಬೆಯಾಟದಲ್ಲಿ ಒಂದೇ ಪಾತ್ರಕ್ಕೆ ಹಲವು ಗೊಂಬೆಗಳಿರುತ್ತವೆ. ಸಂದರ್ಭ ಬದಲಾದಂತೆ ಗೊಂಬೆಯೂ ಬದಲಾಗುತ್ತದೆ, ದೊಡ್ಡ ಪಾತ್ರಕ್ಕೆ ದೊಡ್ಡ ಗೊಂಬೆ. ಹಿಂದೆ ರಾಯಚೂರು ಜಿಲ್ಲೆಯಲ್ಲೇ ಇದ್ದ ಕೊಪ್ಪಳದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಸಂದದ್ದು ಈ ಪರಂಪರೆಗೇ. ಶಂಕರ್ ಒಂದೇ ಚಿತ್ರವನ್ನು ನೆಚ್ಚಿ ಪಾತ್ರವನ್ನು ಸ್ಥಿರವಾಗಿಟ್ಟರೆ, ಗೊಂಬೆಯಾಟ ಚಿತ್ರವನ್ನೇ ಬದಲಿಸಿ ಪಾತ್ರವನ್ನು ಚಲನೆಗೆ ತರುತ್ತದೆ.

ಕಾರಣ ಕಾಲದ ಅಳತೆಯಲ್ಲಿದೆ. ಗೊಂಬೆಯಾಟವಾಗಲಿ ದೊಡ್ಡಾಟವಾಗಲಿ ರಾತ್ರಿ ತೊಡಗಿ ಬೆಳಗಿಗೆ ಮುಗಿಯಬೇಕು. ರಕ್ಕಸ ಆರ್ಭಟಿಸಿ ಬಂದರೂ ದೊಡ್ಡಾಟದ ಸಾರಥಿ ‘ನೀವು ಯಾರು’ ಎಂದು ಕೇಳಿ ಅವನ ಬಾಯಿಂದಲೇ ಪರಿಚಯ ಹೇಳಿಸುತ್ತಾನೆ. ಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ, ಬಂಗಾರಕ್ಕ ನಡುವೆ ನುಗ್ಗಿ ನಗಿಸುತ್ತಾರೆ. ಭಯ ಏರಿ, ನಗೆಗೆ ಇಳಿದು, ಮತ್ತೆ ಏರುವ ಈ ನಡೆಗೆ ಕೋಳಿ ಕೂಗುವ ಹೊತ್ತಿನ ಗಡುವಿದೆ. ಮಾಸಪತ್ರಿಕೆಗೆ ಅಂಥ ಗಡುವಿಲ್ಲ. ಅದಕ್ಕೆ ಬೇಕಾದದ್ದು ಮುಂದಿನ ತಿಂಗಳು.

6. ಗೊತ್ತಿಲ್ಲದ ಉತ್ತರ

ಮೂಲದ ಇಪ್ಪತ್ತನಾಲ್ಕನೆಯ ಕಥೆಯಲ್ಲಿ ತಂದೆಮಗ ಇಬ್ಬರು ಕಾಡಿನಲ್ಲಿ ಎರಡು ಜೊತೆ ಹೆಣ್ಣು ಹೆಜ್ಜೆ ಕಾಣುತ್ತಾರೆ. ದೊಡ್ಡ ಹೆಜ್ಜೆಯವಳು ತಾಯಿಯಿರಬೇಕು, ಅವಳು ತಂದೆಗೆ. ಚಿಕ್ಕ ಹೆಜ್ಜೆಯವಳು ಮಗಳು, ಅವಳು ಮಗನಿಗೆ ಎಂದು ಒಪ್ಪಂದವಾಗುತ್ತದೆ. ನೋಡಿದರೆ ಮಗಳ ಹೆಜ್ಜೆಯೇ ದೊಡ್ಡದು. ಆಡಿದ ಮಾತು ತಪ್ಪದೆ ತಂದೆ ಮಗಳನ್ನೂ ಮಗ ತಾಯಿಯನ್ನೂ ಮದುವೆಯಾಗುತ್ತಾರೆ. ಇವರ ಮಕ್ಕಳು ಪರಸ್ಪರ ಏನಾಗಬೇಕು? ಅಲ್ಲಿಯವರೆಗೆ ಎಲ್ಲಕ್ಕೂ ಉತ್ತರ ಕೊಟ್ಟ ರಾಜನಿಗೆ ಇದು ತಿಳಿಯುವುದಿಲ್ಲ. ಅವನು ಸುಮ್ಮನೆ ನಡೆಯುತ್ತಾನೆ.

ಆ ಮೌನಕ್ಕೆ ಮೆಚ್ಚಿದ ಬೇತಾಳ ಸನ್ಯಾಸಿಯ ಸಂಚನ್ನು ಹೊರಗೆಡಹುತ್ತದೆ. ಅವನು ಸಾಷ್ಟಾಂಗ ನಮಸ್ಕಾರ ಮಾಡೆಂದು ಕೇಳುವನು, ‘ನನಗೆ ತಿಳಿಯದು, ನೀವೇ ತೋರಿಸಿ’ ಎನ್ನು ಎಂದು ಕಲಿಸಿಕೊಡುತ್ತದೆ. ರಾಜ ಹಾಗೇ ಹೇಳಿ, ಬಾಗಿದ ಸನ್ಯಾಸಿಯ ತಲೆ ಕಡಿಯುತ್ತಾನೆ. ಹೆಗಲ ಮೇಲಿನ ಶತ್ರು ಮಿತ್ರನಾಗುತ್ತಾನೆ, ಇಷ್ಟು ಹೊತ್ತು ಕೆಲಸವಿಲ್ಲದಿದ್ದ ಕತ್ತಿಗೆ ಕೊನೆಗೂ ಕೆಲಸ ಸಿಗುತ್ತದೆ. ಪಾತ್ರದ ಬೆಳವಣಿಗೆ ಇರುವುದು ಇಲ್ಲಿ: ನಿಜವಾಗಿ ತಿಳಿಯದೆ ಸುಮ್ಮನಿದ್ದವನು, ತಿಳಿಯದೆಂದು ಹೇಳುವುದನ್ನೇ ಆಯುಧ ಮಾಡಿಕೊಳ್ಳುತ್ತಾನೆ. ತನ್ನ ಜಾಣತನವನ್ನು ಕೆಳಗಿಳಿಸಿದ ಮೇಲೆಯೇ ಹೆಗಲ ಭಾರವೂ ಇಳಿಯುತ್ತದೆ.

‘ಚಂದಮಾಮ’ದ ಚೌಕಟ್ಟು ಮುಂದೂಡುತ್ತಾ ಹೋದದ್ದು ಈ ಮೌನವನ್ನು. ಅಲ್ಲಿಯ ರಾಜನಿಗೆ ಪ್ರತಿ ತಿಂಗಳೂ ಉತ್ತರ ಗೊತ್ತು. ಗೊತ್ತಿರುವುದರಿಂದ ಹೇಳಲೇಬೇಕು, ಹೇಳಿದರೆ ಬೇತಾಳ ಹಾರಲೇಬೇಕು, ಹಾರಿದರೆ ಮುಂದಿನ ಸಂಚಿಕೆ ಬರಲೇಬೇಕು. ಪತ್ರಿಕೆಯ ಬಾಳು ಅವನ ಜಾಣತನದ ಮೇಲೆ ನಿಂತಿತ್ತು. ಇದನ್ನು ದೋಷವೆಂದು ಎಣಿಸಬೇಕಿಲ್ಲ. ಒಂದು ಉತ್ತರದಲ್ಲಿ ಅವನ ನ್ಯಾಯಬುದ್ಧಿ, ಇನ್ನೊಂದರಲ್ಲಿ ಕನಿಕರ, ಮತ್ತೊಂದರಲ್ಲಿ ಅವನ ಕಾಲದ ಪೂರ್ವಗ್ರಹ ಕಾಣುತ್ತದೆ. ನೂರು ಕಂತು ಓದಿದವನಿಗೆ ರಾಜ ಬದಲಾಗದೆಯೇ ಪೂರ್ತಿ ಬಯಲಾಗಿರುತ್ತಾನೆ. ಬೆಳೆಯುವ ಕೆಲಸ ಓದುಗನ ಪಾಲಿಗೆ ಬರುತ್ತದೆ: ಹತ್ತನೆಯ ವಯಸ್ಸಿನಲ್ಲಿ ರಾಜನ ಉತ್ತರಕ್ಕೆ ತಲೆದೂಗಿದವನು ಮೂವತ್ತರಲ್ಲಿ ಅದೇ ಉತ್ತರದೊಂದಿಗೆ ಜಗಳಕ್ಕಿಳಿಯುತ್ತಾನೆ.

ಪತ್ರಿಕೆ ಈಗ ನಿಂತಿದೆ. ಶಂಕರ್ ಎತ್ತಿಸಿದ ಆ ಹೆಜ್ಜೆ ಊರದೆ ಉಳಿದಿದೆ. ರಾಜನಿಗೆ ಉತ್ತರ ಹೊಳೆಯದ ತಿಂಗಳು ಬರುವ ಮೊದಲೇ ಅಚ್ಚುಯಂತ್ರ ಮೌನ ತಾಳಿತು. ಬೇತಾಳ ಮಾತ್ರ ನಮ್ಮೂರಿನ ಸಾಲಗಾರರ ಬಾಗಿಲಲ್ಲಿ ಇನ್ನೂ ನಿಂತಿದೆ.